ಬಾಯ್ಲರಿಗೆ ಕರೆಂಟು ಹೋದರೆ: ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ

ಚಳಿಗಾಲದ ಬೆಳಗ್ಗೆ, ಮನೆಯನ್ನೂ ನಲ್ಲಿಯ ನೀರನ್ನೂ ಬಿಸಿಮಾಡುವ ಬಾಯ್ಲರ್ ಸದ್ದಿಲ್ಲದೆ, ದೀಪವಿಲ್ಲದೆ ನಿಂತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬಾಯ್ಲರನ್ನಲ್ಲ, ಮನೆಯವರನ್ನು. ನಾವೆಲ್ಲ ಗೀಸರ್ ಸ್ವಿಚ್ ಆರಿಸುವ ಶಿಸ್ತಿನಲ್ಲಿ ಬೆಳೆದವರು. ಸ್ನಾನ ಮುಗಿಸಿ ಬರುವಷ್ಟರಲ್ಲಿ ‘ಗೀಸರ್ ಆಫ್ ಮಾಡಿದೆಯಾ?’ ಎಂಬ ಕೂಗು ಅಡುಗೆಮನೆಯಿಂದ ಕೇಳದ ಮನೆ ಬೆಂಗಳೂರಿನಲ್ಲೂ ಇರಲಿಕ್ಕಿಲ್ಲ, ಹುಬ್ಬಳ್ಳಿಯಲ್ಲೂ ಇರಲಿಕ್ಕಿಲ್ಲ. ವೀಸಾ ಜೊತೆಗೆ ಆ ಅಭ್ಯಾಸವೂ ವಿಮಾನ ಹತ್ತುತ್ತದೆ. ಬಾಯ್ಲರಿನ ಪಕ್ಕದ ಗೋಡೆಯಲ್ಲಿ ಸಣ್ಣ ಕೆಂಪು ದೀಪದ ಸ್ವಿಚ್ ಉರಿಯುತ್ತಿದ್ದರೆ ಅದನ್ನು ಆರಿಸದೆ ಮಲಗಲು ನಮ್ಮ ಕೈ ಒಪ್ಪುವುದಿಲ್ಲ.

ನಮ್ಮ ಮನೆಯಲ್ಲಿ ಮೊದಲ ಚಳಿಗಾಲ ಆದದ್ದು ಅದೇ. ರಾತ್ರಿ ಸ್ವಿಚ್ ಆರಿಸಿದವರು ಯಾರು ಎಂಬ ವಿಚಾರಣೆ ಇಂದಿಗೂ ಮುಗಿದಿಲ್ಲ. ಅನುಮಾನ ಮಾತ್ರ ನನ್ನ ಮೇಲೆ. ಭಾನುವಾರ, ತುರ್ತು ಕರೆಯ ದರ. ಬಂದ ಎಂಜಿನಿಯರ್ ಬಾಯ್ಲರಿನ ಮುಚ್ಚಳ ಮುಟ್ಟಲೇ ಇಲ್ಲ. ಗೋಡೆಯ ಸ್ವಿಚ್ ಒತ್ತಿದ, ಒಳಗೆ ಫ್ಯಾನ್ ತಿರುಗಿತು, ಚಹಾ ಬೇಡವೆಂದು ಬಿಲ್ಲು ಕೊಟ್ಟು ಹೋದ. ಅವನದೇನೂ ತಪ್ಪಿಲ್ಲ. ಆ ಮೊತ್ತವನ್ನು ರೂಪಾಯಿಗೆ ಗುಣಿಸಿಕೊಂಡು ವಾರವಿಡೀ ಹೊಟ್ಟೆ ಉರಿಸಿಕೊಂಡದ್ದು ನನ್ನ ತಪ್ಪು. ಪೌಂಡನ್ನು ರೂಪಾಯಿಗೆ ಗುಣಿಸುವ ಚಟವನ್ನು ಬಂದ ವರ್ಷವೇ ಬಿಟ್ಟುಬಿಡಿ, ಆಯುಷ್ಯ ಹೆಚ್ಚುತ್ತದೆ.

ಗ್ಯಾಸಿನಿಂದ ಉರಿಯುವ ಬಾಯ್ಲರಿಗೆ ಕರೆಂಟು ಏಕೆ ಬೇಕು ಎಂದು ಹೊಸಬರು ಕೇಳುತ್ತಾರೆ. ಗ್ಯಾಸನ್ನು ಹೊತ್ತಿಸುವ ಕಿಡಿ, ಗ್ಯಾಸ್ ಬಿಡುವ ಕವಾಟ, ಸುಟ್ಟ ಗಾಳಿಯನ್ನು ಹೊರಗೆ ತಳ್ಳುವ ಫ್ಯಾನ್, ರೇಡಿಯೇಟರುಗಳಿಗೆ ನೀರು ಹರಿಸುವ ಪಂಪು, ಇವಕ್ಕೆಲ್ಲ ಅಪ್ಪಣೆ ಕೊಡುವ ಸರ್ಕ್ಯೂಟ್ ಬೋರ್ಡು, ಎಲ್ಲವೂ ನಡೆಯುವುದು ವಿದ್ಯುತ್ತಿನಿಂದ. ಕರೆಂಟಿಲ್ಲದಿದ್ದರೆ ಕೊಳವೆಯಲ್ಲಿ ಎಷ್ಟು ಗ್ಯಾಸಿದ್ದರೂ ಮನೆ ತಣ್ಣಗೇ ಇರುತ್ತದೆ. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಈಗಿನ ಬಾಯ್ಲರುಗಳಿಗೆ ಹಿಮದಿಂದ ತಮ್ಮನ್ನು ಕಾಪಾಡಿಕೊಳ್ಳುವ ವ್ಯವಸ್ಥೆ ಇದೆ: ಒಳಗಿನ ನೀರು ತೀರಾ ತಣ್ಣಗಾದರೆ ಯಾರೂ ಹೇಳದೆಯೇ ತಾವಾಗಿ ಸ್ವಲ್ಪ ಹೊತ್ತು ಉರಿದು ಸುಮ್ಮನಾಗುತ್ತವೆ. ಸ್ವಿಚ್ ಆರಿಸಿದರೆ ಆ ಕಾವಲೂ ಹೋಯಿತು. ಕಾಯುತ್ತ ಕುಳಿತ ಬಾಯ್ಲರ್ ತಿನ್ನುವ ಕರೆಂಟು ಕೆಲವೇ ವ್ಯಾಟ್. ಅದನ್ನು ಉಳಿಸಲು ಹೋಗಿ ಕೊಳವೆ ಒಡೆದುಕೊಂಡವರಿದ್ದಾರೆ.

ಒಡೆದುಕೊಳ್ಳುವುದು ಹೆಚ್ಚಾಗಿ ಡಿಸೆಂಬರಿನಲ್ಲಿ. ಊರಿಗೆ ಹೊರಡುವ ಮುನ್ನ ಗ್ಯಾಸ್ ಬಂದ್, ಮೇನ್ ಸ್ವಿಚ್ ಬಂದ್, ದೇವರಿಗೊಂದು ಕೈ ಮುಗಿದು ಬೀಗ: ಇದು ನಮ್ಮ ಅಪ್ಪಂದಿರ ಕ್ರಮ. ಅಲ್ಲಿ ಅದು ಸರಿ. ಇಲ್ಲಿ ಹಾಗೆ ಮಾಡಿ ಬಂದವರು ಸಂಕ್ರಾಂತಿಯ ಎಳ್ಳು ಬೆಲ್ಲದ ಪೊಟ್ಟಣ ಹಿಡಿದು ಬಾಗಿಲು ತೆಗೆದರೆ ಕಾರ್ಪೆಟ್ಟಿನ ಮೇಲೆ ನೀರು ನಿಂತಿರುತ್ತದೆ. ಚಳಿಗಾಲದಲ್ಲಿ ಮನೆ ಬಿಟ್ಟು ಹೋಗುವಾಗ ಬಾಯ್ಲರನ್ನು ಹಾಗೇ ಬಿಡಿ, ಥರ್ಮೋಸ್ಟಾಟನ್ನು 12ರಿಂದ 15 ಡಿಗ್ರಿಗೆ ಇಳಿಸಿ. ಮನೆಯ ವಿಮೆಯ ಪತ್ರದಲ್ಲಿ ಇದರ ಬಗ್ಗೆ ಷರತ್ತು ಇದೆಯೇ ಎಂದು ಓದಿಕೊಳ್ಳಿ.

ಇನ್ನು ಸ್ವಿಚ್ ಸರಿಯಾಗಿಯೇ ಇದೆ, ಆದರೂ ಬಾಯ್ಲರಿನ ಪರದೆ ಕಪ್ಪಗಿದೆ ಎನ್ನಿ. ಆಗ ಊರಿನ ಅಭ್ಯಾಸವೇ ಒಳ್ಳೆಯದು: ಕಿಟಕಿಯಿಂದ ಎದುರು ಮನೆ ನೋಡಿ. ಅಲ್ಲಿಯೂ ಬೀದಿಯಲ್ಲಿಯೂ ಕತ್ತಲಿದ್ದರೆ 105ಕ್ಕೆ ಫೋನ್ ಮಾಡಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರಕ್ಕೂ ಅದೇ ಸಂಖ್ಯೆ, ಉಚಿತ. ಬೆಸ್ಕಾಂನ 1912ಕ್ಕೆ ಕರೆ ಮಾಡಿ ಅಭ್ಯಾಸವಿರುವವರಿಗೆ ಇಲ್ಲಿ ಬೇಗ ಫೋನ್ ಎತ್ತುತ್ತಾರೆ ಎಂಬುದೇ ಅಚ್ಚರಿ. ಮನೆಯಲ್ಲಿ ಐದು ವರ್ಷದೊಳಗಿನ ಮಗು, ಗರ್ಭಿಣಿ ಅಥವಾ ವಯಸ್ಸಾದ ತಂದೆತಾಯಿ ಇದ್ದರೆ ವಿದ್ಯುತ್ ಕಂಪನಿಯ ಆದ್ಯತಾ ಸೇವೆಗಳ ಪಟ್ಟಿಯಲ್ಲಿ ಹೆಸರು ಬರೆಸಿ, ಅದಕ್ಕೂ ಹಣವಿಲ್ಲ. ಮುಂಗಡ ಹಣ ತುಂಬುವ ಮೀಟರಿದ್ದರೆ ಅದರಲ್ಲಿ ಹಣ ಇದೆಯೇ ನೋಡಿ.

ಕತ್ತಲು ನಿಮ್ಮ ಮನೆಗೆ ಮಾತ್ರ ಸೀಮಿತವಾಗಿದ್ದರೆ ಫ್ಯೂಸ್ ಪೆಟ್ಟಿಗೆಯನ್ನು ಹುಡುಕಬೇಕು. ಮೆಟ್ಟಿಲ ಕೆಳಗಿನ ಗೂಡಿನಲ್ಲೋ, ಮುಂಬಾಗಿಲ ಮೇಲೋ ಇರುತ್ತದೆ. ಅದರಲ್ಲಿ ಮನೆಯ ಒಂದೊಂದು ವಿದ್ಯುತ್ ಸಾಲಿಗೆ (ಸರ್ಕ್ಯೂಟಿಗೆ) ಒಂದೊಂದು ಸಣ್ಣ ಸ್ವಿಚ್, ಕೆಲವು ಸಾಲುಗಳನ್ನು ಒಟ್ಟಿಗೆ ಕಾಯುವ ಆರ್‌ಸಿಡಿ ಎಂಬ ದೊಡ್ಡ ಸ್ವಿಚ್. ಎಲ್ಲಾದರೂ ಕರೆಂಟು ಭೂಮಿಗೆ ಸೋರಿದರೆ, 30 ಮಿಲಿ ಆಂಪಿಯರಿನಷ್ಟು ಸೋರಿದರೂ ಸಾಕು, ಆರ್‌ಸಿಡಿ ಬೀಳುತ್ತದೆ. ಬೀಳುವಾಗ ತನ್ನ ಪಾಲಿನ ಎಲ್ಲ ಸಾಲುಗಳನ್ನೂ ಕೆಡವುತ್ತದೆ. ಬಾಯ್ಲರಿನ ಸಾಲೂ ಅದರೊಳಗಿದ್ದರೆ, ತಪ್ಪು ಇನ್ನೊಂದರದಾದರೂ ಶಿಕ್ಷೆ ಬಾಯ್ಲರಿಗೆ.

ಆ ಇನ್ನೊಂದು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಊರಿನಿಂದ ಹೊತ್ತು ತಂದ ಮಿಕ್ಸಿ ಅಥವಾ ಗ್ರೈಂಡರ್. ಎರಡು ದೇಶಗಳಲ್ಲೂ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್ ಆದ್ದರಿಂದ ಅವು ಇಲ್ಲಿ ಚೆನ್ನಾಗಿಯೇ ತಿರುಗುತ್ತವೆ. ಆದರೆ ವರ್ಷಗಟ್ಟಲೆ ಹಿಟ್ಟಿನ ನೀರು ಕುಡಿದ ಗ್ರೈಂಡರಿನ ಮೋಟಾರು ಊರಿನಲ್ಲಿ ಬೆರಳಿಗೆ ಸಣ್ಣಗೆ ಚುರುಕ್ ಎನ್ನುತ್ತಿತ್ತಲ್ಲ, ಚಪ್ಪಲಿ ಹಾಕಿಕೊಂಡು ರುಬ್ಬುತ್ತಿದ್ದಿರಲ್ಲ, ಅದನ್ನು ಇಲ್ಲಿನ ಆರ್‌ಸಿಡಿ ಕ್ಷಮಿಸುವುದಿಲ್ಲ. ಶನಿವಾರ ಸಂಜೆ ದೋಸೆಗೆ ರುಬ್ಬಿದ ಮೇಲೆ ಮನೆ ತಣ್ಣಗಾದರೆ ಬಾಯ್ಲರಿನವರಿಗೆ ಫೋನ್ ಮಾಡಬೇಡಿ. ಎಲ್ಲ ಸಾಮಾನುಗಳ ಪ್ಲಗ್ ಕಿತ್ತು ಆರ್‌ಸಿಡಿಯನ್ನು ಮೇಲೆತ್ತಿ, ನಂತರ ಒಂದೊಂದನ್ನೇ ಹಚ್ಚುತ್ತ ಬನ್ನಿ. ಯಾವುದನ್ನು ಹಚ್ಚಿದಾಗ ಮತ್ತೆ ಬೀಳುತ್ತದೋ ಅದೇ ಕಳ್ಳ. ಏನೂ ಹಚ್ಚದಿದ್ದರೂ ಬೀಳುತ್ತಿದ್ದರೆ ಅಥವಾ ಬಾಯ್ಲರಿನ ಕೆಳಗೆ ನೀರು ತೊಟ್ಟಿಕ್ಕುತ್ತಿದ್ದರೆ ಕೈ ಬಿಡಿ, ಬಲ್ಲವರನ್ನು ಕರೆಸಿ. ಬೀಳುವ ಸ್ವಿಚ್ಚನ್ನು ಹಟದಿಂದ ಎತ್ತಿ ಎತ್ತಿ ನಿಲ್ಲಿಸುವುದು ಶೌರ್ಯವಲ್ಲ.

ಬಾಯ್ಲರಿನ ಪಕ್ಕದ ಸ್ವಿಚ್ಚಿನ ಒಳಗೆ ಸಾಮಾನ್ಯವಾಗಿ ಒಂದು ಪುಟ್ಟ ಫ್ಯೂಸ್ ಇರುತ್ತದೆ, 3 ಆಂಪಿಯರಿನದು. ಸ್ವಿಚ್ ಆರಿಸಿ, ಸಣ್ಣ ಸ್ಕ್ರೂಡ್ರೈವರಿನಿಂದ ಅದರ ಗೂಡನ್ನು ಹೊರಗೆಳೆದು ಹೊಸದನ್ನು ಕೂರಿಸಬಹುದು. ಮನೆಯಲ್ಲಿ 13 ಆಂಪಿಯರಿನದೇ ಸಿಕ್ಕಿತು, ‘ಸದ್ಯಕ್ಕೆ ಅಡ್ಜಸ್ಟ್ ಮಾಡೋಣ’ ಎಂಬ ಬುದ್ಧಿ ಮಾತ್ರ ಬೇಡ. ಫ್ಯೂಸ್ ಇರುವುದೇ ಸುಡುವುದಕ್ಕೆ. ಅದು ಸುಡದಿದ್ದರೆ ತಂತಿ ಸುಡುತ್ತದೆ. ಹೊಸ ಫ್ಯೂಸೂ ಹಾರಿದರೆ ದೋಷ ಒಳಗಿದೆ ಎಂದರ್ಥ.

ಬಾಯ್ಲರಿನಲ್ಲಿ ದೀಪ ಇದೆ, ಮನೆ ತಣ್ಣಗಿದೆ ಎಂದಾದರೆ ಬಿಸಿನೀರಿನ ನಲ್ಲಿ ತಿರುಗಿಸಿ. ನೀರನ್ನು ತುಂಬಿಡದೆ ಆಗಿಂದಾಗಲೇ ಕಾಯಿಸುವ ಕಾಂಬಿ ಬಾಯ್ಲರಾದರೆ, ನೀರು ಬಿಸಿಯಾಗಿ ಬಂತೆಂದರೆ ಬಾಯ್ಲರ್ ಉರಿಯುತ್ತಿದೆ. ಕೊಠಡಿಯ ಥರ್ಮೋಸ್ಟಾಟಿನ ಬ್ಯಾಟರಿ ಮುಗಿದಿರಬಹುದು. ಮಗುವಿನ ಆಟಿಕೆಯಿಂದ ಎರಡು ಸೆಲ್ ಕದ್ದು ಹಾಕಿದರೆ ಕೆಲಸ ನಡೆಯುತ್ತದೆ. ಬಾಯ್ಲರ್ ತಣ್ಣಗಿದ್ದಾಗ ಅದರ ನೀರಿನ ಒತ್ತಡ ತೋರಿಸುವ ಮುಳ್ಳು 1ರಿಂದ 1.5 ಬಾರ್ ನಡುವೆ ಇರಬೇಕು. ಹೊರಗೆ ಹೆಪ್ಪುಗಟ್ಟುವ ಚಳಿ, ಒಳಗೆ ಬಾಯ್ಲರಿನಿಂದ ಗುಳುಗುಳು ಸದ್ದು ಎಂದರೆ ನೀರು ಹೊರಹಾಕುವ ಪ್ಲಾಸ್ಟಿಕ್ ಕೊಳವೆ ಹಿಮಗಟ್ಟಿರುತ್ತದೆ; ಹೊರಗೋಡೆಯ ಆ ಕೊಳವೆಯ ಮೇಲೆ ಬೆಚ್ಚಗಿನ ನೀರು ಸುರಿಯಿರಿ, ಕುದಿಯುವ ನೀರಲ್ಲ. ಅನಂತರ ರೀಸೆಟ್ ಗುಂಡಿಯನ್ನು ಒಮ್ಮೆ ಒತ್ತಿ. ಬಾಯ್ಲರ್ ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಒತ್ತುತ್ತಲೇ ಕೂರಬೇಡಿ.

ಗ್ಯಾಸ್ ವಾಸನೆ ಬಂದರೆ ಮೇಲಿನ ಯಾವುದನ್ನೂ ಮಾಡಬೇಡಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ಕಿಟಕಿ ತೆಗೆದು, ಗ್ಯಾಸ್ ಮೀಟರಿನ ಹಿಡಿಯನ್ನು ಕೊಳವೆಗೆ ಅಡ್ಡವಾಗುವಂತೆ ತಿರುಗಿಸಿ, ಹೊರಗೆ ಬಂದು 0800 111 999ಕ್ಕೆ ಕರೆ ಮಾಡಿ. ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇನ್ನೂ ಮೋಸದ್ದು: ತಲೆನೋವು, ವಾಕರಿಕೆ, ತಲೆಸುತ್ತು ಶುರುವಾಗಿ, ಹೊರಗೆ ಹೋದರೆ ಕಡಿಮೆಯಾದರೆ ಎಚ್ಚರವಾಗಿ. ಅದರ ಅಲಾರಂ ಮನೆಯಲ್ಲಿ ಇರಲೇಬೇಕು. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯ ಬಾಯ್ಲರ್ ಇರುವ ಕೋಣೆಗೆ ಅದನ್ನು ಹಾಕಿಸುವುದು 2022ರ ಅಕ್ಟೋಬರಿನಿಂದ ಮಾಲೀಕರ ಕರ್ತವ್ಯ. ಮಗಳ ಬಾಣಂತನಕ್ಕೆ ಬಂದ ಅಮ್ಮಂದಿರಿಗೆ ಕೈ ಮುಗಿದು ಹೇಳಬೇಕಾದ ಮಾತೊಂದಿದೆ: ಬಾಯ್ಲರ್ ನಿಂತಿತೆಂದು ಮಗುವಿನ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡಬೇಡಿ. ಹೆಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿದ್ದ ಮನೆಯ ಪದ್ಧತಿ ಅದು. ಎರಡು ಪದರ ಗಾಜು ಹಾಕಿ ಮುಚ್ಚಿದ ಈ ಮನೆಗಳಲ್ಲಿ ಅದು ಜೀವ ತೆಗೆಯುತ್ತದೆ.

ಬಾಡಿಗೆ ಮನೆಯವರೇ, ಬಾಯ್ಲರ್ ಸರಿಪಡಿಸಿಕೊಡುವುದು ಮಾಲೀಕರ ಉಪಕಾರವಲ್ಲ. ಇಂಗ್ಲೆಂಡಿನಲ್ಲಿ 1985ರ ಮಾಲೀಕ ಮತ್ತು ಬಾಡಿಗೆದಾರರ ಕಾಯ್ದೆಯ 11ನೇ ಕಲಮು ಸಾಮಾನ್ಯ ಬಾಡಿಗೆಗಳಲ್ಲಿ ಅದನ್ನು ಅವರ ಮೇಲೆಯೇ ಹಾಕಿದೆ. ‘ಪಾಪ, ಒಳ್ಳೆಯವರು, ಏಕೆ ತೊಂದರೆ ಕೊಡುವುದು’ ಎಂದು ಎಳೆಮಗುವಿನೊಡನೆ ಕಂಬಳಿ ಹೊದ್ದು ವಾರ ಕಳೆದ ದಂಪತಿಗಳನ್ನು ನೋಡಿ ನನಗೆ ಸಿಟ್ಟು ಬಂದಿದೆ. ದೂರನ್ನು ಇಮೇಲಿನಲ್ಲಿ ಬರೆಯಿರಿ, ದಿನಾಂಕ ಹಾಕಿ, ಫೋಟೋ ಇಡಿ. ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆಯ ಪತ್ರ ಕೇಳಿ ಪಡೆಯಿರಿ. ಬಾಯ್ಲರಿನ ಮುಚ್ಚಳ ತೆಗೆಯುವವರ ಬಳಿ ಗ್ಯಾಸ್ ಸೇಫ್ (ಗ್ಯಾಸ್ ಕೆಲಸಗಾರರ ಅಧಿಕೃತ ನೋಂದಣಿ) ಕಾರ್ಡ್ ಇರಬೇಕು, ಕಾರ್ಡಿನ ಹಿಂಬದಿಯಲ್ಲಿ ಯಾವ ಕೆಲಸಕ್ಕೆ ಅರ್ಹರು ಎಂದು ಬರೆದಿರಬೇಕು. ಕಡಿಮೆ ಹಣಕ್ಕೆ ಮಾಡಿಕೊಡುವ ಪರಿಚಯದ ಹುಡುಗ ಎಷ್ಟೇ ಜಾಣನಾದರೂ ಅವನನ್ನು ಚಹಾಕ್ಕೆ ಮಾತ್ರ ಕರೆಯಿರಿ.

ನಮ್ಮ ಮನೆಯ ಸ್ವಿಚ್ಚಿನ ಮೇಲೆ ‘ಇದನ್ನು ಆರಿಸಬೇಡಿ’ ಎಂದು ಕನ್ನಡದಲ್ಲಿ ಬರೆದು ಅಂಟಿಸಿದ್ದೇವೆ, ಊರಿನಿಂದ ಬರುವ ಹಿರಿಯರಿಗಾಗಿ. ಮನೆಯಲ್ಲಿ ಮಕ್ಕಳ ಕಣ್ಣಿಗೆ ದಿನವೂ ಬೀಳುವ ಕನ್ನಡ ಬರಹ ಅದೊಂದೇ ಎಂಬುದು ತಡವಾಗಿ ಹೊಳೆಯಿತು. ಅವರಿಗೆ ಬಿಸಿನೀರು ಎಂದರೆ ನಲ್ಲಿ. ನೀರು ತುಂಬುವ ಹಬ್ಬದ ಸಂಜೆ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲೆಕಾಯಿ ಬಳ್ಳಿ ಕಟ್ಟುತ್ತಿದ್ದೆವು ಎಂದರೆ ಮಗಳು ಅಡುಗೆಮನೆಯ ಬಿಳಿ ಪೆಟ್ಟಿಗೆಯನ್ನು ನೋಡಿ, ಇದಕ್ಕೆ ಎಲ್ಲಿ ಕಟ್ಟುವುದು ಎಂದು ಕೇಳುತ್ತಾಳೆ. ಕಾಂಬಿ ಬಾಯ್ಲರಿನಲ್ಲಿ ತುಂಬಿಡಲು ಪಾತ್ರೆಯೇ ಇಲ್ಲ. ನಲ್ಲಿ ತಿರುಗಿಸಿದಾಗಷ್ಟೇ ಕಾಯಿಸುತ್ತದೆ. ತುಂಬಿಸದೆ ನೀರು ತುಂಬುವ ಹಬ್ಬ ಮಾಡುವುದು ಹೇಗೆ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ, ನಾವು ಬಕೆಟ್ಟಿಗೆ ಕುಂಕುಮ ಹಚ್ಚುತ್ತೇವೆ. ಬಚ್ಚಲೊಲೆಗಾಗಿ ಹಲುಬುವಾಗ ಇದೂ ನೆನಪಿರಲಿ: ಮಟ್ಟೆ ತುರುಕಿ ಹೊಗೆ ಕುಡಿದು ಕಣ್ಣು ಕೆಡಿಸಿಕೊಂಡವಳು ಅಜ್ಜಿ, ಬೆನ್ನು ಕಾಯಿಸಿಕೊಂಡವರು ನಾವು.

ಕರೆಂಟು ಮರಳಿ ಬಾಯ್ಲರ್ ಹೊತ್ತಿಕೊಂಡಿತೆಂದು ಹೊದ್ದು ಮಲಗುವ ಮುನ್ನ ಟೈಮರಿನ ಗಡಿಯಾರ ನೋಡಿ. ಹಳೆಯ ಮಾದರಿಗಳಲ್ಲಿ ಕರೆಂಟು ಇಲ್ಲದಷ್ಟು ಹೊತ್ತು ಅದೂ ನಿಂತಿರುತ್ತದೆ. ನಾಲ್ಕು ಗಂಟೆ ಕರೆಂಟು ಹೋಗಿದ್ದರೆ, ಬೆಳಗ್ಗೆ ಆರಕ್ಕೆ ಬೆಚ್ಚಗಾಗಬೇಕಾದ ಮನೆ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಹತ್ತಕ್ಕೆ ಬೆಚ್ಚಗಾಗುತ್ತದೆ, ನೀವು ಬಾಯ್ಲರ್ ಮತ್ತೆ ಕೆಟ್ಟಿತು ಎನ್ನುತ್ತೀರಿ. ಗಡಿಯಾರ ಸರಿಪಡಿಸಿದ ಮೇಲೂ ತಣ್ಣಗಿದ್ದರೆ ಫೋನ್ ಮಾಡಿ. ನನಗಲ್ಲ, ಕಾರ್ಡ್ ಇರುವವರಿಗೆ.