ಅಂಗವಿಕಲ ಪಗಾರ: ಬಾಯಿಮಾತಿನ "ಇಲ್ಲ" ಕೇಳಿ ಮನೆಗೆ ಬರಬೇಡಿ

ಅಂಗವಿಕಲರಿಗೆ ಸರ್ಕಾರ ತಿಂಗಳಾ ಕೊಡುವ ರೊಕ್ಕಕ್ಕೆ ಕಾಗದದ ಮೇಲೆ ಮಾಸಾಶನ ಅಂತ ಹೆಸರು, ನಮ್ಮ ಕಡೆ ಬಾಯಲ್ಲಿ ಅಂಗವಿಕಲ ಪಗಾರ. ಕುಂದಗೋಳ ತಾಲೂಕಿನ ನಮ್ಮ ಕಾಕಾ ಟ್ರ್ಯಾಕ್ಟರ್ ಮೇಲಿಂದ ಬಿದ್ದು, ಬಲಗಾಲು ಮಡಚಲು ಬರದಂತೆ ಆಯಿತು. ಅವರ ಸಲುವಾಗಿ ಒಂದೂವರೆ ವರ್ಷ ಓಡಾಡಿದ್ದೇನೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ, ಎಲ್ಲಿಯವರಾದರೂ ದಾರಿ ಇದೇ.

ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಫೋನಿನಿಂದಲೇ ಅರ್ಜಿ ಹಾಕಬಹುದು, ಫೀ ಇಲ್ಲ. ಹೆಸರು, ಇನಿಷಿಯಲ್ ಎಲ್ಲ ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಫೋನಿನಲ್ಲಿ ಆಗದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅಥವಾ ತಾಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಹತ್ತಿರ ಹೋಗಿ. ಅವರು ಇರುವುದೇ ಇದಕ್ಕೆ. ಏಜೆಂಟರ ಕೈಗೆ ರೊಕ್ಕ ಕೊಡಬೇಡಿ.

ಆಮೇಲೆ ಆಸ್ಪತ್ರೆಯ ತಪಾಸಣೆ. ಇಲ್ಲಿ ಅಂಗವಿಕಲತೆ ಕನಿಷ್ಠ ಶೇ. 40 ಅಂತ ಬಂದರೆ ಮಾತ್ರ ಮುಂದಿನ ದಾರಿ. ಜಾಸ್ತಿ ಜನ ಎಡವುವುದೂ ಇಲ್ಲೇ.

ನಮ್ಮ ಕಾಕಾ ಏನು ಮಾಡಿದರು ಗೊತ್ತಾ? ಡಾಕ್ಟರು "ಹೆಂಗದೀರಿ ಯಜಮಾನ್ರ" ಅಂದರು. ಇವರು ಕೈಮುಗಿದು "ಆರಾಮ ಅದೇನ್ರಿ ಸಾಹೇಬ್ರ" ಅಂದರು. ಅಡ್ಡಾಡಲು ಬರುತ್ತಾ ಅಂತ ಕೇಳಿದರೆ "ಬರತೈತ್ರಿ", ಮೆಟ್ಟಿಲು ಹತ್ತುತ್ತೀರಾ ಅಂದರೆ "ಹತ್ತತೇನ್ರಿ". ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಹತ್ತುತ್ತಾರೆ ಅನ್ನುವುದನ್ನು ಹೇಳಲೇ ಇಲ್ಲ. ಶೇ. 32 ಬಂತು.

ಕಾಲಿನ ತೊಂದರೆ ಇದ್ದರೆ ಕೀಲು ಎಷ್ಟು ಮಡಚುತ್ತದೆ, ಶಕ್ತಿ ಎಷ್ಟಿದೆ ಅಂತ ಅಳೆಯುವುದರ ಜೊತೆಗೆ ಒಂಬತ್ತು ಕೆಲಸ ನೋಡುತ್ತಾರೆ. ಸಪಾಟು ನೆಲದ ಮೇಲೆ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲ ಮೇಲೆ ನಿಲ್ಲುವುದು, ತೊಂದರೆ ಇರುವ ಕಾಲೊಂದರ ಮೇಲೇ ನಿಲ್ಲುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು, ತಿರುಗುವುದು. ಒಂದೊಂದಕ್ಕೂ 10 ಅಂಕ. ಹಾಗಾಗಿ ಮನೆಯಲ್ಲೇ ಈ ಒಂಬತ್ತನ್ನೂ ನೆನಪಿಸಿಕೊಂಡು, ಯಾವುದು ಆಗುವುದಿಲ್ಲ, ಯಾವುದು ಆಸರೆ ಹಿಡಿದರೆ ಮಾತ್ರ ಆಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಸುಳ್ಳು ಹೇಳಿ ಅಂತಲ್ಲ. ಮರ್ಯಾದೆಗೆ ಅಂಜಿ ಇದ್ದ ಕಷ್ಟ ಮುಚ್ಚಿಡಬೇಡಿ ಅಂತ. ಹಳೆಯ ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ದಿನಾ ನೋಡಿಕೊಳ್ಳುವವರೇ ಸಂಗಡ ಹೋಗಲಿ.

ಕಿವಿಯ ತೊಂದರೆಗೆ ಬೇರೆ ಪರೀಕ್ಷೆ, ಬುದ್ಧಿಮಾಂದ್ಯತೆಗೆ ಐಕ್ಯೂ ಪರೀಕ್ಷೆ. ಮಾನಸಿಕ ಕಾಯಿಲೆ ಇದ್ದವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಗೊತ್ತಿರುವುದೇ.

ಪರ್ಸೆಂಟ್ ಕಡಿಮೆ ಬಂದರೆ ಅಥವಾ ಸರ್ಟಿಫಿಕೇಟ್ ಇಲ್ಲವೇ ಇಲ್ಲ ಅಂದರೆ ಸುಮ್ನೆ ಎದ್ದು ಬರಬೇಡಿ. ನಮಗೂ ಒಂದು ಕೌಂಟರಿನಲ್ಲಿ "ನಿಮಗ ಬರೂದಿಲ್ಲ ಹೋಗ್ರಿ" ಅಂದಿದ್ದರು, ಎರಡು ತಿಂಗಳು ನಾವು ಅದನ್ನೇ ನಂಬಿ ಕೂತೆವು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡಬೇಕು ಅಂತ ವಿಕಲಚೇತನರ ಹಕ್ಕುಗಳ 2017ರ ನಿಯಮದಲ್ಲೇ ಇದೆ. ಆ ಕಾಗದವೇ ಅಪೀಲಿಗೆ ಆಧಾರ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 59ನೇ ಕಲಮಿನಲ್ಲಿ ಅಪೀಲಿನ ಹಕ್ಕು ಕೊಟ್ಟಿದ್ದಾರೆ. ನಿರ್ಧಾರದ ದಿನದಿಂದ 90 ದಿನದ ಒಳಗೆ ಹಾಕಬೇಕು, ಅಪೀಲು ನೋಡುವ ಅಧಿಕಾರಿ ನಿಮ್ಮ ಮಾತು ಕೇಳಿ 60 ದಿನದಲ್ಲಿ ತೀರ್ಮಾನಿಸಬೇಕು.

ಎಲ್ಲಿ ಕೊಡಬೇಕು ಅನ್ನುವುದನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ಅಪೀಲು ಒಂದೇ ಪುಟ ಸಾಕು. "ಬಡವರು, ದಯವಿಟ್ಟು" ಅಂತ ತುಂಬಿಸಬೇಡಿ. "ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ, ಮಂಡಿಯೂರಲು ಆಗುವುದಿಲ್ಲ, ತಪಾಸಣೆಯಲ್ಲಿ ಇದನ್ನು ನೋಡಿಲ್ಲ" ಅಂತ ನೇರ ಬರೆಯಿರಿ. ಕಾಕಾಗೆ ಮರುತಪಾಸಣೆ ಆಯಿತು. ಈ ಸಲ ಕಾಕೂ ಜೊತೆಗೆ ಹೋಗಿ, ಅವರು "ಆರಾಮ" ಅನ್ನುವ ಮೊದಲೇ ಎಲ್ಲಾ ಹೇಳಿದರು. ಶೇ. 48 ಬಂತು.

ಕಾರ್ಡ್ ಕೈಗೆ ಬಂದ ಮೇಲೆ ಪಗಾರದ ಅರ್ಜಿಗೆ ನಾಡಕಚೇರಿ. ಆದಾಯ ಪ್ರಮಾಣ ಪತ್ರ, ಆಧಾರ್, ಪಾಸ್‌ಬುಕ್ ಬೇಕು. ಗ್ರಾಮ ಆಡಳಿತಾಧಿಕಾರಿ ವಿಚಾರಣೆಗೆ ಬಂದಾಗ ಮನೆಯಲ್ಲಿ ಇರಿ. ಸಕಾಲ (ಗೊತ್ತುಪಡಿಸಿದ ಅವಧಿಯಲ್ಲಿ ಸರ್ಕಾರಿ ಕೆಲಸ ಮಾಡಿಕೊಡುವ ಯೋಜನೆ) ಚೀಟಿ ಕೊಡುತ್ತಾರೆ, ಅದರಲ್ಲಿ ನಿಮ್ಮ ಅರ್ಜಿಯ ಗುರುತಾದ 15 ಅಂಕಿಯ ಜಿಎಸ್‌ಸಿ ನಂಬರ್ ಇರುತ್ತದೆ. ಫೋಟೋ ಹೊಡೆದು ಇಟ್ಟುಕೊಳ್ಳಿ, ಆ ಚೀಟಿಯ ಅಕ್ಷರ ಬೇಗ ಮಾಸುತ್ತವೆ. ಅವಧಿ ಮುಗಿದರೂ ಉತ್ತರ ಇಲ್ಲ, ಅಥವಾ ತಿರಸ್ಕರಿಸಿದರು ಅಂದರೆ 30 ದಿನದ ಒಳಗೆ ಸಕಾಲದಲ್ಲೇ ಮೇಲ್ಮನವಿ ಹಾಕಬಹುದು.

ಮಂಜೂರಾತಿ ಬಂದರೂ ರೊಕ್ಕ ಬರಲಿಲ್ಲವಾ? ಮೊದಲು ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ (ಜೋಡಣೆ) ಯಾವ ಖಾತೆಗೆ ಆಗಿದೆ ಅಂತ ಕೇಳಿ. ಕಾಕಾನ ಮೂರು ತಿಂಗಳ ಪಗಾರ ಅವರು ಮರೆತೇ ಬಿಟ್ಟಿದ್ದ ಹಳೆಯ ಖಾತೆಗೆ ಬಿದ್ದಿತ್ತು.

ಎಲ್ಲಾ ಕಡೆ ಬಾಗಿಲು ಮುಚ್ಚಿದರೆ ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ. ವಿಕಲಚೇತನರಿಗೆ ಆದಾಯ ನೋಡದೇ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಹೋಗುವಾಗ ಆ ತಿರಸ್ಕಾರದ ಕಾಗದ, ಸಕಾಲ ಚೀಟಿ ಎರಡನ್ನೂ ಒಯ್ಯಿರಿ, ಅವರು ಮೊದಲು ಕೇಳುವುದೇ ಅವನ್ನು.