ಒಂದೇ ಆಂಟೆನಾಗೆ ಹಲವು ಸೆಟ್: ಪಕ್ಕದ ರಿಸೀವರ್ ಸುಡದ ಹಾಗೆ ಜೋಡಿಸುವುದು

ಮುಂಬೈಯ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೋದವರಿಗೆ, ಸೆಟ್‌ಗಿಂತ ಆಂಟೆನಾ ಜಾಗದ ಚಿಂತೆ ಜಾಸ್ತಿ. ಸೊಸೈಟಿ ಕಮಿಟಿ ಟೆರೇಸ್ ಮೇಲೆ ಒಂದು ಕಂಬಕ್ಕೆ ಒಪ್ಪಿದರೆ ಅದೇ ಪುಣ್ಯ. ಮುಲುಂಡ್‌ನ ನಮ್ಮ ಮನೆಗೆ ಟೆರೇಸಿನಿಂದ ಎರಡೇ ಕೇಬಲ್ ಇಳಿದು ಬರುತ್ತವೆ. ಒಂದು ಎಚ್‌ಎಫ್‌ನ (ಶಾರ್ಟ್‌ವೇವ್) ತಂತಿ ಆಂಟೆನಾದ್ದು. ಇನ್ನೊಂದು 2 ಮೀಟರ್, 70 ಸೆಂಟಿಮೀಟರ್ ಎರಡೂ ಬ್ಯಾಂಡ್‌ಗೆ (ಫ್ರೀಕ್ವೆನ್ಸಿ ಪಟ್ಟಿಗೆ) ಆಗುವ ನೆಟ್ಟಗಿನ ಆಂಟೆನಾ, ವರ್ಟಿಕಲ್‌ದು. ಮೇಜಿನ ಮೇಲೆ ನನ್ನ 100 ವ್ಯಾಟ್ ರಿಗ್ (ಕಳಿಸುವುದು, ಕೇಳುವುದು ಎರಡೂ ಮಾಡುವ ಸೆಟ್), ಮಗಳ ಚಿಕ್ಕ ಎಚ್‌ಎಫ್ ರಿಗ್, ಬರೀ ಕೇಳೋಕೆ ಕಂಪ್ಯೂಟರ್‌ಗೆ ಸಿಕ್ಕಿಸುವ ಒಂದು ಎಸ್‌ಡಿಆರ್ ಡಾಂಗಲ್, ಜೊತೆಗೆ 2 ಮೀಟರ್‌ಗೊಂದು, 70 ಸೆಂಟಿಮೀಟರ್‌ಗೊಂದು ಎಫ್‌ಎಂ ಸೆಟ್ ಇವೆ. ನಮ್ಮಿಬ್ಬರಿಗೂ ಬೇರೆ ಬೇರೆ ಲೈಸೆನ್ಸ್, ಬೇರೆ ಬೇರೆ ಕಾಲ್‌ಸೈನ್.

ಆಂಟೆನಾ ಹಂಚಿಕೊಳ್ಳುವ ಮಾತು ಬಂದಾಗ ಎಲ್ಲರೂ ಕೇಳುವುದು ಲಾಸ್ ಎಷ್ಟು, ಎಸ್‌ಡಬ್ಲ್ಯುಆರ್ (ಪವರ್ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ) ಎಷ್ಟು ಅಂತ. ನಾನು ಮೊದಲು ಕೇಳುವ ಪ್ರಶ್ನೆ ಇದು: ಯಾರಾದರೂ ಮರೆತು ತಪ್ಪು ಸೆಟ್‌ನ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದರೆ ಆ ಪವರ್ ಎಲ್ಲಿಗೆ ಹೋಗುತ್ತದೆ? ಮರೆವು ಬಂದೇ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ದೂರದ ಸ್ಟೇಷನ್ ಕೇಳಿಸಿದಾಗ ಸ್ವಿಚ್ ಎಲ್ಲಿದೆ ಅಂತ ಯಾರು ನೋಡುತ್ತಾರೆ? ಹಾಗಾಗಿ ಮರೆತರೂ ಏನೂ ಸುಡದ ಹಾಗೆ ವೈರಿಂಗ್ ಇರಬೇಕು.

ಮೊದಲು ಮಾಡಬಾರದ್ದನ್ನು ಹೇಳಿಬಿಡುತ್ತೇನೆ. ಟಿ ಕನೆಕ್ಟರ್ ಹಾಕಿ ಎರಡು ರಿಗ್‌ಗಳನ್ನು ಒಂದೇ ಕೇಬಲ್‌ಗೆ ಸೇರಿಸಬೇಡಿ. ಆಂಟೆನಾ 50 ಓಮ್, ಪಕ್ಕದ ರಿಸೀವರ್ ಕೂಡ 50 ಓಮ್ ಅಂತ ಇಟ್ಟುಕೊಳ್ಳಿ. ಎರಡೂ ಪ್ಯಾರಲಲ್ ಆದರೆ 25 ಓಮ್. 100 ವ್ಯಾಟ್ ಕಳಿಸಿದರೆ ಸುಮಾರು 11 ವ್ಯಾಟ್ ವಾಪಸ್ ಬರುತ್ತದೆ, ಉಳಿದದ್ದು ಸಮನಾಗಿ ಹಂಚಿ ಹೋಗುತ್ತದೆ. ಅಂದರೆ ಪಕ್ಕದ ರಿಸೀವರ್‌ನ ಬಾಯಿಗೆ 44 ವ್ಯಾಟ್. ಮೈಕ್ರೋವೋಲ್ಟ್ ಕೇಳೋಕೆ ಮಾಡಿದ ಸರ್ಕ್ಯೂಟ್ ಅದು. "ಆ ಸೆಟ್ ಆಫ್ ಮಾಡಿಟ್ಟಿದ್ದೇನೆ" ಅನ್ನುವ ಸಮಾಧಾನವೂ ಬೇಡ. ಹೆಚ್ಚಿನ ರಿಗ್‌ಗಳಲ್ಲಿ ಕರೆಂಟ್ ಇಲ್ಲದಾಗ ಒಳಗಿನ ರಿಲೇ ರಿಸೀವ್ ಕಡೆಗೇ ಕೂತಿರುತ್ತದೆ. ಆಫ್ ಆಗಿದ್ದರೂ ದಾರಿ ತೆರೆದೇ ಇರುತ್ತದೆ.

ಒಂದೇ ಬ್ಯಾಂಡ್‌ನ ಎರಡು ರಿಗ್‌ಗಳಿಗೆ ಸರಿಯಾದ ದಾರಿ ಕೋ-ಆಕ್ಸ್ ಸ್ವಿಚ್, ಅಂದರೆ ಆಂಟೆನಾ ಕೇಬಲ್ಲನ್ನು ಒಂದು ಸಲಕ್ಕೆ ಒಂದೇ ರಿಗ್‌ಗೆ ಸೇರಿಸುವ ಸ್ವಿಚ್. ಕೊಳ್ಳುವಾಗ ಎರಡು ವಿಷಯ ನೋಡಿ.

ಒಂದು, ಐಸೊಲೇಶನ್. ತಿರುಗಿಸಿದ ಕಡೆಯಿಂದ ತಿರುಗಿಸದ ಕಡೆಗೆ ಎಷ್ಟು ಸೋರುತ್ತದೆ ಅನ್ನೋದು. 100 ವ್ಯಾಟ್‌ಗೆ ಲೆಕ್ಕ ಹಾಕೋಣ. 30 ಡೆಸಿಬೆಲ್ ಇದ್ದರೆ ಪಕ್ಕದ ಸೆಟ್‌ಗೆ 100 ಮಿಲಿವ್ಯಾಟ್ ಹೋಗುತ್ತದೆ. 40 ಇದ್ದರೆ 10 ಮಿಲಿವ್ಯಾಟ್, 50 ಇದ್ದರೆ 1, 60 ಇದ್ದರೆ 0.1 ಮಿಲಿವ್ಯಾಟ್. ಆರ್‌ಟಿಎಲ್ ತರದ ಎಸ್‌ಡಿಆರ್ ಡಾಂಗಲ್ ತಡೆಯುವುದೇ ಹೆಚ್ಚೆಂದರೆ 10 ಮಿಲಿವ್ಯಾಟ್. ಹಾಗಾಗಿ 40 ಡೆಸಿಬೆಲ್ ಅಂದರೆ ಅಂಚಿನಲ್ಲಿ ನಿಂತ ಹಾಗೆ. ನಾನು 60ಕ್ಕಿಂತ ಕಡಿಮೆ ಒಪ್ಪುವುದಿಲ್ಲ. ಇನ್ನೊಂದು ಮಾತು. ಎಚ್‌ಎಫ್‌ನಲ್ಲಿ 60 ಕೊಡುವ ಸ್ವಿಚ್ 435 ಮೆಗಾಹರ್ಟ್ಜ್‌ನಲ್ಲಿ ಅಷ್ಟು ಕೊಡಬೇಕೆಂದಿಲ್ಲ. ಫ್ರೀಕ್ವೆನ್ಸಿ ಏರಿದಂತೆ ಸೋರಿಕೆ ಏರುತ್ತದೆ. 70 ಸೆಂಟಿಮೀಟರ್‌ಗೆ ಎನ್ ಕನೆಕ್ಟರ್ ಇರುವ ಸ್ವಿಚ್ಚೇ ಬೇಕು.

ಎರಡು, ಬಳಸದ ಕಡೆಯನ್ನು ಸ್ವಿಚ್ ಅರ್ತ್ ಮಾಡುತ್ತದೆಯೇ ಅನ್ನೋದು. ಡೈವಾ ಸಿಎಸ್-201 ತರದವು ಮಾಡುತ್ತವೆ. ಲ್ಯಾಮಿಂಗ್ಟನ್ ರೋಡಿನ ಅಂಗಡಿಗೆ ಹೋದಾಗ ಮಲ್ಟಿಮೀಟರ್ ಜೊತೆಗಿರಲಿ. ಸ್ವಿಚ್ ಒಂದು ಕಡೆ ತಿರುಗಿಸಿ, ಇನ್ನೊಂದು ಕಡೆಯ ನಡು ಪಿನ್ನಿಗೂ ಬಾಡಿಗೂ ಮೀಟರ್ ಹಿಡಿಯಿರಿ. ಸೊನ್ನೆ ಓಮ್ ತೋರಿಸಿದರೆ ಒಳ್ಳೆಯದು. ಏನೂ ತೋರಿಸದಿದ್ದರೆ ಆ ಪಿನ್ ಸುಮ್ನೆ ತೇಲುತ್ತಿದೆ ಅಂತ ಅರ್ಥ. ಟಿವಿ ಕೇಬಲ್‌ನವರು ಕೊಡುವ ಚಿಕ್ಕ ಸ್ವಿಚ್‌ಗಳನ್ನಂತೂ ಟ್ರಾನ್ಸ್‌ಮಿಟ್ ಮಾಡುವ ಸೆಟ್‌ಗೆ ಹಾಕಲೇಬೇಡಿ.

ಡಬ್ಬದ ಮೇಲೆ ಬರೆದದ್ದನ್ನು ನಂಬುವ ಬದಲು ಮನೆಯಲ್ಲೇ ಅಳೆಯಿರಿ. ನ್ಯಾನೋವಿಎನ್‌ಎ ಅನ್ನುವ ಚಿಕ್ಕ ಅಳತೆ ಯಂತ್ರ ಈಗ ಬಹಳ ಹ್ಯಾಮ್‌ಗಳ ಹತ್ತಿರ ಇದೆ. ಸ್ವಿಚ್‌ನ ಆಂಟೆನಾ ಕಡೆಗೆ 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಹಾಕಿ. ತಿರುಗಿಸಿದ ಕಡೆಗೆ ವಿಎನ್‌ಎಯ ಮೊದಲ ಪೋರ್ಟ್, ತಿರುಗಿಸದ ಕಡೆಗೆ ಎರಡನೆಯದು. ಎಸ್21, ಅಂದರೆ ಮೊದಲ ಪೋರ್ಟಿನಿಂದ ಎರಡನೆಯದಕ್ಕೆ ಎಷ್ಟು ದಾಟುತ್ತದೆ ಅನ್ನೋದು, ನೋಡಿ. ಮೈನಸ್ 60 ಡೆಸಿಬೆಲ್ ಅಥವಾ ಅದಕ್ಕಿಂತ ಕೆಳಗೆ ಇರಬೇಕು. ನೀವು ಬಳಸುವ ಪ್ರತಿ ಬ್ಯಾಂಡ್‌ನಲ್ಲೂ ನೋಡಿ, ಸ್ವಿಚ್‌ನ ಪ್ರತಿ ಸ್ಥಾನದಲ್ಲೂ ನೋಡಿ.

ನಾನು ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದವನು. 1999ರ ಫೆಬ್ರವರಿಯಲ್ಲಿ ಜಿಎಂಡಿಎಸ್‌ಎಸ್ (ಹಡಗುಗಳ ಹೊಸ ಅಪಾಯ-ಸಂದೇಶ ವ್ಯವಸ್ಥೆ) ಪೂರ್ತಿ ಜಾರಿಯಾಗಿ ಮೋರ್ಸ್ ಕೆಲಸ ನಿಲ್ಲುವವರೆಗೂ ಕೀ ಹಿಡಿದಿದ್ದೆ. ನಮ್ಮ ರೇಡಿಯೋ ರೂಮಿನ ಆಂಟೆನಾ ಸ್ವಿಚ್‌ನಲ್ಲಿ ಮೇನ್ ಸೆಟ್‌ಗೆ ಒಂದು ಸ್ಥಾನ, ಎಮರ್ಜೆನ್ಸಿ ಸೆಟ್‌ಗೆ ಒಂದು, ಇವೆರಡರ ಜೊತೆ ಅರ್ತ್ ಅಂತಲೇ ಒಂದು ಇತ್ತು. ಕೆಲಸ ಮುಗಿದಾಗ ಅರ್ತ್‌ಗೆ ತಿರುಗಿಸಿ ಏಳುವುದು ಅಭ್ಯಾಸ. ಮನೆಯ ಸ್ವಿಚ್‌ಗೂ ಅಂಥ ಸ್ಥಾನ ಇರಲಿ ಅನ್ನುವುದು ನನ್ನ ಆಸೆ. ಮೂರು ದಾರಿಯ ಸ್ವಿಚ್ ಕೊಂಡು ಒಂದು ದಾರಿಗೆ ಡಮ್ಮಿ ಲೋಡ್ ಕಟ್ಟಿದರೂ ಸಾಕು. ಬಳಸದಾಗ ಅಲ್ಲೇ ಬಿಡಿ.

ಸ್ವಿಚ್ ತಿರುಗಿಸುವಾಗ ಯಾವ ಸೆಟ್ಟೂ ಟ್ರಾನ್ಸ್‌ಮಿಟ್‌ನಲ್ಲಿ ಇರಬಾರದು. 100 ವ್ಯಾಟ್ ಅಂದರೆ 50 ಓಮ್‌ನಲ್ಲಿ 100 ವೋಲ್ಟ್ ಪೀಕ್. ಸಂಪರ್ಕ ಬಿಟ್ಟ ಕ್ಷಣ ಅದು ಎರಡರಷ್ಟಾಗಬಹುದು. ಕಿಡಿ ಹಾರಿ ಕಾಂಟ್ಯಾಕ್ಟ್ ಕಪ್ಪಾಗುತ್ತದೆ. ಆಮೇಲೆ ಅದೇ ಕಾಂಟ್ಯಾಕ್ಟ್ ಸೋರಿಕೆಗೆ, ಎಸ್‌ಡಬ್ಲ್ಯುಆರ್ ಕುಣಿತಕ್ಕೆ ಕಾರಣ.

ಇಬ್ಬರು ಆಪರೇಟರ್ ಇರುವ ಮನೆಯಲ್ಲಿ ಸ್ವಿಚ್ ಒಂದೇ ಸಾಲದು. ಆಂಟೆನಾ ಮಗಳ ಕಡೆ ಇದ್ದಾಗ ನಾನು ಪಿಟಿಟಿ ಒತ್ತಿದರೆ, ಅರ್ತ್ ಆದ ಪಿನ್ನಿಗೆ ನನ್ನ ರಿಗ್ ಪವರ್ ತಳ್ಳುತ್ತದೆ. ಇಂದಿನ ಟ್ರಾನ್ಸಿಸ್ಟರ್ ರಿಗ್ ಎಸ್‌ಡಬ್ಲ್ಯುಆರ್ ಕಂಡು ಪವರ್ ಇಳಿಸಿಕೊಳ್ಳುತ್ತದೆ, ನಿಜ. ಆದರೆ ಆ ರಕ್ಷಣೆಯನ್ನು ದಿನವೂ ಪರೀಕ್ಷೆ ಮಾಡುವುದು ಏಕೆ? ನಾವು ಕೈ ಸ್ವಿಚ್ ಜಾಗದಲ್ಲಿ ಕೋ-ಆಕ್ಸ್ ರಿಲೇ ಹಾಕಿದ್ದೇವೆ. ಅದನ್ನು ನಡೆಸುವುದು ಎರಡು ಪೋಲ್‌ನ ಒಂದು ಟಾಗಲ್. ಒಂದು ಪೋಲ್ ರಿಲೇಗೆ 12 ವೋಲ್ಟ್ ಕೊಡುತ್ತದೆ. ಇನ್ನೊಂದು ಪೋಲ್ ಯಾರ ಪಿಟಿಟಿ ತಂತಿ ಕೆಲಸ ಮಾಡಬೇಕು ಅಂತ ನಿರ್ಧರಿಸುತ್ತದೆ. ಮೈಕ್ ತಂತಿಯ ಪಿಟಿಟಿಯನ್ನು ಚಿಕ್ಕ ಡಬ್ಬದೊಳಗೆ ಕತ್ತರಿಸಿ ಟಾಗಲ್ ಮೂಲಕ ಹಾಯಿಸಿದರೆ ಆಯಿತು. ಮೋರ್ಸ್ ಕೀ ತಂತಿಗೂ ಹಾಗೇ ಮಾಡಬೇಕು, ಮರೆಯಬೇಡಿ. ರಿಗ್‌ನಲ್ಲಿ ಬ್ರೇಕ್-ಇನ್ ಅನ್ನುವ ಸೆಟ್ಟಿಂಗ್ ಆನ್ ಇದ್ದರೆ ಕೀ ಒತ್ತಿದ ಕೂಡಲೇ ರಿಗ್ ಟ್ರಾನ್ಸ್‌ಮಿಟ್‌ಗೆ ಹೋಗುತ್ತದೆ. ಕಂಪ್ಯೂಟರ್‌ನಿಂದ ನಡೆಯುವ ಸೆಟ್‌ಗೆ ಇನ್ನೂ ಎಚ್ಚರ ಬೇಕು. ಅಲ್ಲಿ ಸಾಫ್ಟ್‌ವೇರ್ ಯುಎಸ್‌ಬಿ ಮೂಲಕವೇ ಪಿಟಿಟಿ ಕೊಡುತ್ತದೆ, ನಿಮ್ಮ ಟಾಗಲ್ ಅದನ್ನು ತಡೆಯುವುದಿಲ್ಲ. ಹಲವು ರಿಗ್‌ಗಳ ಹಿಂದಿನ ಸಾಕೆಟ್‌ನಲ್ಲಿ ಟ್ರಾನ್ಸ್‌ಮಿಟ್ ಇನ್‌ಹಿಬಿಟ್ ಪಿನ್ (ಟ್ರಾನ್ಸ್‌ಮಿಟ್ ಆಗದಂತೆ ತಡೆಯುವ ಪಿನ್) ಇರುತ್ತದೆ. ಇದ್ದರೆ ಅದನ್ನೇ ಬಳಸಿ, ಎಲ್ಲಕ್ಕಿಂತ ಅದು ಗಟ್ಟಿ.

ಬೇರೆ ಬೇರೆ ಬ್ಯಾಂಡ್‌ನ ಸೆಟ್‌ಗಳಾದರೆ ಸ್ವಿಚ್ ಬೇಡ, ಡಿಪ್ಲೆಕ್ಸರ್ ಸಾಕು. ಅದರೊಳಗೆ ಒಂದು ಕಡೆ ಕೆಳಗಿನ ಫ್ರೀಕ್ವೆನ್ಸಿ ಮಾತ್ರ ಬಿಡುವ ಲೋ-ಪಾಸ್ ಫಿಲ್ಟರ್, ಇನ್ನೊಂದು ಕಡೆ ಮೇಲಿನದನ್ನು ಮಾತ್ರ ಬಿಡುವ ಹೈ-ಪಾಸ್. ಡೈಮಂಡ್ ಎಂಎಕ್ಸ್-72 ಇದಕ್ಕೆ ಚೆನ್ನಾದ ಉದಾಹರಣೆ. ಅದರ ಒಂದು ಕಾಲು 2 ಮೀಟರ್ ಸೆಟ್‌ಗೆ, ಇನ್ನೊಂದು 70 ಸೆಂಟಿಮೀಟರ್ ಸೆಟ್‌ಗೆ, ಮೇಲಿನದು ವರ್ಟಿಕಲ್‌ಗೆ. ಯಾವ ಕಾಲಿಗೆ ಯಾವ ಫ್ರೀಕ್ವೆನ್ಸಿ ಅಂತ ಅದರ ಮೇಲೇ ಬರೆದಿರುತ್ತದೆ, ಓದಿ ಜೋಡಿಸಿ. ಇಬ್ಬರೂ ಒಟ್ಟಿಗೇ ಮಾತಾಡಬಹುದು. ಒಂದು ತೊಂದರೆ ಮಾತ್ರ ಉಳಿಯುತ್ತದೆ. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಕೊಟ್ಟಿರುವುದು 144ರಿಂದ 146 ಮತ್ತು 434ರಿಂದ 438 ಮೆಗಾಹರ್ಟ್ಜ್. 145ನ್ನು ಮೂರರಿಂದ ಗುಣಿಸಿದರೆ 435. ಅಂದರೆ 2 ಮೀಟರ್ ಸೆಟ್‌ನ ಮೂರನೇ ಹಾರ್ಮೋನಿಕ್ (ಮೂರರಷ್ಟು ಫ್ರೀಕ್ವೆನ್ಸಿಯ ಬೇಡದ ಸಿಗ್ನಲ್) ನೇರವಾಗಿ ಇನ್ನೊಂದು ಬ್ಯಾಂಡ್‌ನ ನಡುವೆ ಬೀಳುತ್ತದೆ. ಡಿಪ್ಲೆಕ್ಸರ್ ಅದನ್ನು ತುಂಬಾ ತಗ್ಗಿಸುತ್ತದೆ, ಸೆಟ್ ಸುಡುವುದಿಲ್ಲ. ಆದರೆ ಆ ಒಂದು ಫ್ರೀಕ್ವೆನ್ಸಿಯಲ್ಲಿ ಕಿವುಡಾಗಬಹುದು. ಸ್ವಲ್ಪ ಆಚೀಚೆ ಹೋದರೆ ಸರಿಯಾಗುತ್ತದೆ.

ಎಸ್‌ಡಿಆರ್ ಡಾಂಗಲ್ ವಿಷಯ ಬೇರೆ. ಬರೀ ಕೇಳುವ ಎರಡು ರಿಸೀವರ್‌ಗಳ ನಡುವೆ ಸಿಗ್ನಲ್ ಹಂಚುವ ಸ್ಪ್ಲಿಟರ್ ಹಾಕಬಹುದು, ಅರ್ಧ ಸಿಗ್ನಲ್ ಹೋದರೂ ಎಚ್‌ಎಫ್‌ನಲ್ಲಿ ಗೊತ್ತಾಗುವುದಿಲ್ಲ. ಅಷ್ಟು ಗದ್ದಲ ಮುಂಬೈಯ ಎಲ್‌ಇಡಿ ಬಲ್ಬ್, ಚಾರ್ಜರ್‌ಗಳದ್ದು. ಆದರೆ ಟ್ರಾನ್ಸ್‌ಮಿಟ್ ಮಾಡುವ ರಿಗ್ ಇದ್ದ ಕಡೆ ಸ್ಪ್ಲಿಟರ್ ಸಲ್ಲದು. ಅದರೊಳಗಿನ ಪುಟ್ಟ ಫೆರೈಟ್ ಕೋರ್ ಸುಟ್ಟುಹೋಗುತ್ತದೆ. ಅಲ್ಲಿಗೆ ಬೇಕಾದದ್ದು ಪಿಟಿಟಿ ಜೊತೆ ತಿರುಗುವ ಟಿಆರ್ (ಟ್ರಾನ್ಸ್‌ಮಿಟ್-ರಿಸೀವ್) ರಿಲೇ. ಆರ್‌ಎಫ್ (ರಿಗ್‌ನಿಂದ ಬರುವ ರೇಡಿಯೋ ಪವರ್) ಕಂಡ ಮೇಲೆ ತಿರುಗುವ ರಿಲೇಗಳೂ ಸಿಗುತ್ತವೆ, ನನಗೆ ಅವು ಇಷ್ಟವಿಲ್ಲ. ಅದು ತಿರುಗುವ ಮೊದಲೇ ಕೆಲವು ಮಿಲಿಸೆಕೆಂಡ್ ಪವರ್ ಒಳಗೆ ಹೋಗಿರುತ್ತದೆ. ರಿಗ್ ಹಿಂದಿನ ಸೆಂಡ್ ಪಿನ್‌ನಿಂದ (ರಿಗ್ ಟ್ರಾನ್ಸ್‌ಮಿಟ್‌ಗೆ ಹೋದದ್ದನ್ನು ತಿಳಿಸುವ ಪಿನ್) ರಿಲೇ ನಡೆಸಿ. ಮೆನುವಿನಲ್ಲಿ ಟ್ರಾನ್ಸ್‌ಮಿಟ್ ಡಿಲೇ ಇದ್ದರೆ 20 ಮಿಲಿಸೆಕೆಂಡ್ ಇಡಿ. ರಿಲೇಗೆ ಕರೆಂಟ್ ಇದ್ದಾಗ ಮಾತ್ರ ಡಾಂಗಲ್ ಆಂಟೆನಾಗೆ ಸೇರಬೇಕು, ಕರೆಂಟ್ ಹೋದರೆ ತಾನಾಗಿ ಅರ್ತ್‌ಗೆ ಬೀಳಬೇಕು. ಇದನ್ನು ತಿರುಗುಮುರುಗು ಮಾಡಿದರೆ ಫ್ಯೂಸ್ ಹೋದ ದಿನವೇ ಡಾಂಗಲ್ ಹೋಗುತ್ತದೆ. ಕೊನೆಯ ಕಾವಲಿಗೆ ಡಾಂಗಲ್ ಬಾಯಲ್ಲಿ ನಡು ಪಿನ್ನಿಗೂ ಬಾಡಿಗೂ ನಡುವೆ ಎರಡು 1ಎನ್4148 ಡಯೋಡ್, ಪ್ಯಾರಲಲ್ ಆಗಿ, ಒಂದಕ್ಕೊಂದು ಎದುರು ದಿಕ್ಕಿಗೆ. ಸುಮಾರು 0.7 ವೋಲ್ಟ್‌ಗೆ ಅವು ಕಟ್ಟಿಹಾಕುತ್ತವೆ, ಅಂದರೆ 5 ಮಿಲಿವ್ಯಾಟ್. ಸಣ್ಣ ಸೋರಿಕೆಗೆ ಅದು ಸಾಕು. ನೇರವಾಗಿ 100 ವ್ಯಾಟ್ ಬಂದರೆ ಡಯೋಡೇ ಉಳಿಯದು.

ಎಲ್ಲ ಸೆಟ್‌ಗಳ ಬಾಡಿ, ಸ್ವಿಚ್‌ನ ಬಾಡಿ, ಪವರ್ ಸಪ್ಲೈ ಬಾಡಿ ಒಂದೇ ತಾಮ್ರದ ಪಟ್ಟಿಗೆ ದಪ್ಪ ತಂತಿಯಲ್ಲಿ ಸೇರಲಿ. ಎರಡು ಪಿನ್ನಿನ ಅಡಾಪ್ಟರ್ ಹಾಕಿದ ಲ್ಯಾಪ್‌ಟಾಪ್‌ನ ಬಾಡಿ ಮೀಟರ್‌ನಲ್ಲಿ ನೂರು ವೋಲ್ಟ್ ಹತ್ತಿರ ತೋರಿಸುವುದುಂಟು. ಕರೆಂಟ್ ತೀರಾ ಕಡಿಮೆ, ಕೈಗೆ ಜುಮ್ ಅನ್ನುತ್ತದೆ ಅಷ್ಟೇ. ಪಿಎಲ್-259 ಕನೆಕ್ಟರ್ ಸಿಕ್ಕಿಸುವಾಗ ನಡು ಪಿನ್ ಮೊದಲು ತಾಗುತ್ತದೆ, ಹೊರಗಿನ ಭಾಗ ಆಮೇಲೆ. ಆ ಜುಮ್ ಅನ್ನುವುದು ಅಷ್ಟು ಹೊತ್ತು ರಿಸೀವರ್ ಮೂಲಕವೇ ಹರಿಯುತ್ತದೆ. ಮೊದಲು ಬಾಡಿಗಳು ಸೇರಲಿ, ಆಮೇಲೆ ಕೋ-ಆಕ್ಸ್.

ಸಿಡಿಲಿಗೆ ಈ ಯಾವ ಸ್ವಿಚ್ಚೂ ಉತ್ತರವಲ್ಲ. ಮೇ ಕೊನೆಯ, ಅಕ್ಟೋಬರದ ಗುಡುಗಿನ ಸಂಜೆಗಳಲ್ಲಿ ಕೇಬಲ್ಲನ್ನೇ ಕಳಚಿ ಕಿಟಕಿಯ ಹೊರಗೆ ಬಿಡಿ. ಕೇಬಲ್ ಒಳಗೆ ಬರುವ ಜಾಗದಲ್ಲಿ ಗ್ಯಾಸ್ ಟ್ಯೂಬ್ ಅರೆಸ್ಟರ್ (ಹೆಚ್ಚಿನ ವೋಲ್ಟೇಜನ್ನು ಅರ್ತ್‌ಗೆ ಬಿಡುವ ಸಾಧನ) ಇರಲಿ, ಅದಿದ್ದರೂ ಕಳಚಿ.

ಎಲ್ಲ ಜೋಡಿಸಿದ ಮೇಲೆ ಮೊದಲ ಪರೀಕ್ಷೆ ಡಮ್ಮಿ ಲೋಡ್ ಮೇಲೆ, 5 ವ್ಯಾಟ್‌ನಲ್ಲಿ. ಪಕ್ಕದ ರಿಗ್‌ನ ಜಾಗದಲ್ಲಿ ಇನ್ನೊಂದು ಡಮ್ಮಿ ಲೋಡ್ ಇಡಿ, ರಿಗ್ ಇಡಬೇಡಿ. ಆಮೇಲೆ ಬೇಕೆಂದೇ ತಪ್ಪು ಮಾಡಿ ನೋಡಿ: ಟಾಗಲ್ ಆ ಕಡೆ ಇಟ್ಟು ಈ ಕಡೆಯ ಪಿಟಿಟಿ ಒತ್ತಿ, ಕೀ ಒತ್ತಿ, ಕಂಪ್ಯೂಟರ್‌ನಿಂದ ಟ್ರಾನ್ಸ್‌ಮಿಟ್ ಕೊಡಿ, ರಿಲೇಯ ಫ್ಯೂಸ್ ತೆಗೆದು ಒತ್ತಿ. ಯಾವುದರಲ್ಲೂ ಪಕ್ಕದ ಡಮ್ಮಿ ಲೋಡ್‌ಗೆ ಪವರ್ ಬರಲಿಲ್ಲ ಅಂತ ಮೀಟರ್ ಹೇಳಿದ ಮೇಲೆ ಅದನ್ನು ತೆಗೆದು ಎರಡನೇ ರಿಗ್ ಜೋಡಿಸಿ.