ಬ್ಯಾಕಪ್ ತೆರೆಯುತ್ತಿಲ್ಲವೇ? ಹಳೇ ಕಂಪ್ಯೂಟರನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ, ಸ್ವಲ್ಪ ತಡೆಯಿರಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 7ರ ಬೆಂಬಲ ನಿಂತು ಅದಕ್ಕೂ ಐದು ವರ್ಷ ಆಗಿತ್ತು. ಹಾಗಾಗಿ ಹಳೇ ಡೆಸ್ಕ್‌ಟಾಪಿಗೆ ವಿದಾಯ ಹೇಳಿ ಹೊಸ ಲ್ಯಾಪ್‌ಟಾಪ್ ತರುವ ಕೆಲಸ ಹಲವು ಮನೆಗಳಲ್ಲಿ ನಡೆದಿದೆ. ತೊಂದರೆ ಶುರುವಾಗುವುದು ಆಮೇಲೆ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನಲ್ಲಿ ಬ್ಯಾಕಪ್ ಇದೆ, ಹೊಸ ಲ್ಯಾಪ್‌ಟಾಪ್ ಅದನ್ನು ತೆರೆಯುವುದೇ ಇಲ್ಲ. ಇಲ್ಲವೇ ಅರ್ಧಕ್ಕೆ ಬಂದು ನಿಲ್ಲುತ್ತದೆ. ಮಗಳ ನಾಮಕರಣದ ಫೋಟೊ, ಜಮೀನಿನ ಪತ್ರದ ಸ್ಕ್ಯಾನ್, ಅಂಗಡಿಯ ಲೆಕ್ಕ, ಎಲ್ಲವೂ ಅದರೊಳಗೇ.

ಇಂಥ ಹೊತ್ತಿನಲ್ಲಿ ಹೆಚ್ಚಾಗಿ ಸೋತಿರುವುದು ವರ್ಗಾವಣೆ ಮಾಡುವ ಪ್ರೋಗ್ರಾಂ. ಫೈಲುಗಳು ಡಿಸ್ಕಿನಲ್ಲಿ ಹಾಗೇ ಇರುತ್ತವೆ. ಅವು ನಿಜವಾಗಿ ಹೋಗುವುದು ಗಾಬರಿಯಲ್ಲಿ ನಾವು ಮಾಡುವ ಕೆಲಸಗಳಿಂದ.

ಮೊದಲು ಮಾಡಬಾರದ್ದು

ಬ್ಯಾಕಪ್ ಇರುವ ಡಿಸ್ಕಿಗೆ ಏನನ್ನೂ ಬರೆಯಬೇಡಿ. ರಿಕವರಿ ಸಾಫ್ಟ್‌ವೇರನ್ನೂ ಅದರೊಳಗೆ ಹಾಕಬೇಡಿ. ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದರೆ ‘ಕ್ಯಾನ್ಸಲ್’ ಒತ್ತಿ. ಡಿಸ್ಕಿನ ತಪ್ಪು ಸರಿಪಡಿಸುವ ‘ಚೆಕ್ ಡಿಸ್ಕ್’ ಓಡಿಸಿ ಎಂದು ಯಾರಾದರೂ ಹೇಳಬಹುದು. ಅದು ಡಿಸ್ಕಿನ ಮೇಲೇ ತಿದ್ದುಪಡಿ ಬರೆಯುತ್ತದೆ. ಡಿಸ್ಕ್ ಹಾಳಾಗುತ್ತಿದ್ದರೆ ಅಳಿದುಳಿದದ್ದೂ ಕಲಸಿಹೋಗುತ್ತದೆ. ಫೈಲುಗಳು ಕೈಗೆ ಬರುವ ತನಕ ಅದರ ಗೋಜಿಗೇ ಹೋಗಬೇಡಿ.

ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದೆಯೇ? ತಕ್ಷಣ ಕಿತ್ತಿಡಿ. ಅದು ಮನೆಯಲ್ಲಿ ರಿಪೇರಿಯಾಗುವ ಕಾಯಿಲೆಯಲ್ಲ. ಒಳಗಿರುವುದು ನಿಜಕ್ಕೂ ಬೆಲೆಯುಳ್ಳದ್ದಾದರೆ ಡೇಟಾ ರಿಕವರಿಯವರ ಹತ್ತಿರವೇ ಒಯ್ಯಬೇಕು.

ಸದ್ದಿಲ್ಲದಿದ್ದರೆ ‘ಕ್ರಿಸ್ಟಲ್ ಡಿಸ್ಕ್ ಇನ್ಫೊ’ ಎಂಬ ಉಚಿತ ಪ್ರೋಗ್ರಾಂ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ‘ಗುಡ್’ ಎಂದು ಬಂದರೆ ಮುಂದುವರಿಯಿರಿ. ‘ಕಾಶನ್’ ಅಥವಾ ‘ಬ್ಯಾಡ್’ ಬಂದರೆ ಬೇರೆಲ್ಲ ಬಿಟ್ಟು ಮೊದಲು ನಕಲು ಮಾಡಿಕೊಳ್ಳಿ. ಡಿಸ್ಕ್ ಚೆನ್ನಾಗಿದ್ದರೂ ಇಡೀ ಬ್ಯಾಕಪ್ಪನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಪ್ರಯೋಗವನ್ನೆಲ್ಲ ಆ ನಕಲಿನ ಮೇಲೇ ನಡೆಸಿ. ನಕಲು ಹಾಕುವ ಡಿಸ್ಕ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಆಗಿರಲಿ. ಹಳೇ ಪೆನ್‌ಡ್ರೈವುಗಳ ಫ್ಯಾಟ್ 32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಬ್ಯಾಕಪ್ ಫೈಲ್ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಇರುತ್ತದೆ.

ಇನ್ನೊಂದು ಮಾತು. ಹಳೇ ಕಂಪ್ಯೂಟರ್ ಇನ್ನೂ ಮನೆಯಲ್ಲೇ ಇದ್ದರೆ ಈ ಲೇಖನದ ಅರ್ಧ ನಿಮಗೆ ಬೇಡ. ಅಸಲು ಫೈಲುಗಳು ಅದರಲ್ಲೇ ಇರುತ್ತವೆ, ಅಲ್ವಾ? ಬ್ಯಾಕಪ್ ಜೊತೆ ಗುದ್ದಾಡುವ ಬದಲು ಸಿ ಡ್ರೈವಿನ ಯೂಸರ್ಸ್ ಫೋಲ್ಡರನ್ನು ಸುಮ್ನೆ ಎಕ್ಸ್‌ಟರ್ನಲ್ ಡಿಸ್ಕಿಗೆ ಎಳೆದು ಹಾಕಿ.

ನಿಮ್ಮದು ಯಾವ ಬ್ಯಾಕಪ್?

‘ಬ್ಯಾಕಪ್ ಇದೆ’ ಎಂದಷ್ಟೇ ಗೊತ್ತಿದ್ದರೆ ಸಾಲದು. ವಿಂಡೋಸ್ ಒಂದೊಂದು ಕಾಲದಲ್ಲಿ ಒಂದೊಂದು ಬಗೆಯ ಬ್ಯಾಕಪ್ ಕೊಟ್ಟಿದೆ, ಪ್ರತಿಯೊಂದಕ್ಕೂ ಬೇರೆ ದಾರಿ. ಡಿಸ್ಕ್ ತೆರೆದು ಹೆಸರುಗಳನ್ನು ನೋಡಿ. ಹೆಸರಿನ ಕೊನೆಯ ಅಕ್ಷರಗಳು ಕಾಣದಿದ್ದರೆ ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ಗೆ ಟಿಕ್ ಹಾಕಿ.

ಒಂದೇ ದೊಡ್ಡ ಫೈಲ್ ಇದ್ದು, ಕೊನೆಯಲ್ಲಿ ಎಂ, ಐ, ಜಿ ಎಂಬ ಮೂರಕ್ಷರ ಇದ್ದರೆ ಅದು ಹಳೇ ಕಂಪ್ಯೂಟರಿನಿಂದ ಹೊಸದಕ್ಕೆ ಫೈಲು ಸಾಗಿಸುತ್ತಿದ್ದ ‘ವಿಂಡೋಸ್ ಈಸಿ ಟ್ರಾನ್ಸ್‌ಫರ್’ ಪ್ರೋಗ್ರಾಮಿನದು. ಹಳೇ ಕಂಪ್ಯೂಟರಿನ ಹೆಸರಿನ ಫೋಲ್ಡರ್, ಅದರೊಳಗೆ ‘ಬ್ಯಾಕಪ್ ಸೆಟ್’ ಎಂದು ತಾರೀಕಿನೊಂದಿಗೆ ಮತ್ತೊಂದು ಫೋಲ್ಡರ್, ಅದರೊಳಗೆ ಸಾಲು ಸಾಲು ಜಿಪ್ ಫೈಲುಗಳಿದ್ದರೆ ಅದು ವಿಂಡೋಸ್ 7ರ ಬ್ಯಾಕಪ್. ‘ವಿಂಡೋಸ್ ಇಮೇಜ್ ಬ್ಯಾಕಪ್’ ಎಂಬ ಫೋಲ್ಡರ್ ಇದ್ದರೆ ಅದು ಇಡೀ ಡಿಸ್ಕಿನ ಪಡಿಯಚ್ಚು. ‘ಫೈಲ್ ಹಿಸ್ಟರಿ’ ಎಂದಿದ್ದರೆ ನೀವು ಬಚಾವ್. ಅದರೊಳಗೆ ಮಾಮೂಲಿ ಫೈಲುಗಳೇ ಇರುತ್ತವೆ, ಹೆಸರಿನ ಪಕ್ಕದಲ್ಲಿ ತಾರೀಕು ಸೇರಿರುತ್ತದೆ ಅಷ್ಟೇ. ನಕಲು ಮಾಡಿಕೊಳ್ಳಿ, ಮುಗಿಯಿತು.

ಹೊಸ ಕಂಪ್ಯೂಟರ್ ಕೊಳ್ಳದೆ ಇದ್ದುದನ್ನೇ ವಿಂಡೋಸ್ 11ಕ್ಕೆ ಏರಿಸಿದವರು ಸಿ ಡ್ರೈವಿನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್ ಇದೆಯೇ ಎಂದು ಈಗಲೇ ನೋಡಿ. ಅದರೊಳಗಿನ ಯೂಸರ್ಸ್‌ನಲ್ಲಿ ಹಳೆಯದೆಲ್ಲ ಸಿಗಬಹುದು. ಸಾಮಾನ್ಯವಾಗಿ 10 ದಿನ ಕಳೆದರೆ ವಿಂಡೋಸ್ ಅದನ್ನು ತಾನೇ ಅಳಿಸುತ್ತದೆ.

ಎಂಐಜಿ ಫೈಲ್: ಜಾಸ್ತಿ ಕಾಡುವುದು ಇದೇ

ಈಸಿ ಟ್ರಾನ್ಸ್‌ಫರ್ ಬಂದದ್ದು ವಿಂಡೋಸ್ ವಿಸ್ತಾದ ಜೊತೆ. ವಿಂಡೋಸ್ 7ರಲ್ಲಿ ತುಂಬ ಜನ ಬಳಸಿದರು. 8.1ರ ಹೊತ್ತಿಗೆ ಅದರ ಕೈಕಾಲು ಕತ್ತರಿಸಿದರು. ವಿಂಡೋಸ್ 10ರಲ್ಲಿ ಪೂರ್ತಿ ತೆಗೆದೇಬಿಟ್ಟರು. ಅಂದರೆ ನಿಮ್ಮ ಹೊಸ ಲ್ಯಾಪ್‌ಟಾಪಿಗೆ ಎಂಐಜಿ ಎಂದರೆ ಏನೆಂದೇ ಗೊತ್ತಿಲ್ಲ. ಪೆಟ್ಟಿಗೆಯ ಬೀಗ ಕೆಟ್ಟಿಲ್ಲ, ಅದರ ಕೀಲಿಕೈ ಮಾಡುವುದನ್ನು ಕಂಪನಿ ನಿಲ್ಲಿಸಿದೆ. ಜನರ ನೆನಪುಗಳನ್ನೆಲ್ಲ ಒಂದು ಫೈಲಿಗೆ ತುಂಬಿಸಿ, ಆಮೇಲೆ ಅದನ್ನು ತೆರೆಯುವ ಪ್ರೋಗ್ರಾಮನ್ನೇ ಕಿತ್ತುಹಾಕಿದ್ದು ನನ್ನ ಪ್ರಕಾರ ಸರಿಯಲ್ಲ.

ಫೈಲಿನ ಗಾತ್ರ ನೋಡಿ. ಸೊನ್ನೆ ಇದ್ದರೆ ಅದರೊಳಗೆ ಏನೂ ಇಲ್ಲ. ಹಳೇ ಕಂಪ್ಯೂಟರಿನಲ್ಲಿ 80 ಜಿಬಿ ಫೋಟೊ ಇತ್ತು, ಇದು ಬರೀ 6 ಜಿಬಿ ಇದೆ ಅಂದರೆ ಬ್ಯಾಕಪ್ ಮಾಡುವಾಗಲೇ ಏನೋ ಎಡವಟ್ಟಾಗಿದೆ. ಅಂಥವರು ಕೆಳಗಿನ ‘ಹಳೇ ಡಿಸ್ಕಿನ ಕಡೆಗೆ’ ಭಾಗಕ್ಕೆ ನೇರ ಹೋಗಿ. ಗಾತ್ರ ಸರಿ ಎನಿಸಿದರೆ ಮುಂದೆ ಓದಿ.

ಸುಲಭದ ದಾರಿ: ವಿಂಡೋಸ್ 7 ಇರುವ ಕಂಪ್ಯೂಟರ್ ಹುಡುಕುವುದು. ನೆಂಟರ ಮನೆಯದೋ ಪಕ್ಕದ ಜೆರಾಕ್ಸ್ ಅಂಗಡಿಯದೋ, ಯಾವುದಾದರೂ ಆದೀತು. ಅದರಲ್ಲಿ ಹೊಸ ಯೂಸರ್ ಅಕೌಂಟ್ ಮಾಡಿ, ಇಲ್ಲದಿದ್ದರೆ ನಿಮ್ಮ ಫೈಲುಗಳು ಅವರ ಫೈಲುಗಳ ಜೊತೆ ಬೆರೆಯುತ್ತವೆ. ಆಮೇಲೆ ಎಂಐಜಿ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಈಸಿ ಟ್ರಾನ್ಸ್‌ಫರ್ ತೆರೆದುಕೊಳ್ಳುತ್ತದೆ. ಬ್ಯಾಕಪ್ ಮಾಡುವಾಗ ಪಾಸ್‌ವರ್ಡ್ ಇಟ್ಟಿದ್ದರೆ ಕೇಳುತ್ತದೆ. ‘ಕಸ್ಟಮೈಸ್’ ಒತ್ತಿ. ಪ್ರೋಗ್ರಾಂ ಸೆಟ್ಟಿಂಗುಗಳ ಟಿಕ್ ತೆಗೆದು, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್ ಮಾತ್ರ ಉಳಿಸಿ. ಅರ್ಧಕ್ಕೆ ನಿಲ್ಲುತ್ತಿದ್ದರೆ ಒಂದು ಸಲಕ್ಕೆ ಒಂದೇ ಫೋಲ್ಡರ್ ಆರಿಸಿ ನೋಡಿ.

ಅಂಥ ಕಂಪ್ಯೂಟರ್ ಸಿಗದಿದ್ದರೆ ನಿಮ್ಮ ಹೊಸ ಲ್ಯಾಪ್‌ಟಾಪಿನೊಳಗೇ ಒಂದು ವಿಂಡೋಸ್ 7 ಸೃಷ್ಟಿಸಬಹುದು. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ, ಆರಕಲ್ ಕಂಪನಿಯ ‘ವರ್ಚುವಲ್‌ಬಾಕ್ಸ್’ ಪ್ರೋಗ್ರಾಂ ಉಚಿತ. ಹಳೇ ಕಂಪ್ಯೂಟರ್ ಜೊತೆ ಬಂದ ವಿಂಡೋಸ್ 7ರ ಡಿವಿಡಿ ಕಪಾಟಿನಲ್ಲಿದ್ದರೆ ಅದರಿಂದಲೇ ಇನ್‌ಸ್ಟಾಲ್ ಮಾಡಿ. ಇಲ್ಲಿ ಮುಗ್ಗರಿಸುವ ಜಾಗ ಮೂರಿವೆ.

ಒಂದು, 64 ಬಿಟ್ ವಿಂಡೋಸ್ ಹಾಕಿ. 64 ಬಿಟ್ ಕಂಪ್ಯೂಟರಿನಲ್ಲಿ ಮಾಡಿದ ಎಂಐಜಿ ಫೈಲನ್ನು 32 ಬಿಟ್ ವಿಂಡೋಸ್ ಒಪ್ಪುವುದಿಲ್ಲ. ಎರಡು, ವರ್ಚುವಲ್‌ಬಾಕ್ಸ್ ತಾನಾಗಿ ಸೂಚಿಸುವ ಡಿಸ್ಕ್ ಗಾತ್ರ ಸಾಲದು. ಎಂಐಜಿ ಫೈಲಿನ ಎರಡು ಪಟ್ಟಿಗೆ 40 ಜಿಬಿ ಸೇರಿಸಿ ಕೊಡಿ. ಮೂರು, ವಿಂಡೋಸ್ 7ರಲ್ಲಿ ಯುಎಸ್‌ಬಿ 3ರ ಡ್ರೈವರ್ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ 2.0 ಆರಿಸದಿದ್ದರೆ ನಿಮ್ಮ ಎಕ್ಸ್‌ಟರ್ನಲ್ ಡಿಸ್ಕ್ ಒಳಗೆ ಕಾಣುವುದೇ ಇಲ್ಲ. ನಿಧಾನ ಇರುತ್ತದೆ, ರಾತ್ರಿ ಹಾಕಿ ಮಲಗಿ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ. ವಿಂಡೋಸ್ 7ಕ್ಕೆ ಈಗ ಸುರಕ್ಷತಾ ಅಪ್‌ಡೇಟ್ ಬರುವುದಿಲ್ಲವಾದ್ದರಿಂದ ನೆಟ್‌ವರ್ಕ್ ಆಫ್ ಮಾಡಿಡುವುದೇ ಒಳ್ಳೆಯದು.

ಈಸಿ ಟ್ರಾನ್ಸ್‌ಫರ್ ‘ಫೈಲ್ ಹಾಳಾಗಿದೆ’ ಎಂದೇ ಹಟ ಹಿಡಿದರೆ ಮೈಕ್ರೋಸಾಫ್ಟಿನದೇ ಇನ್ನೊಂದು ಸಲಕರಣೆ ಇದೆ. ‘ಯೂಸರ್ ಸ್ಟೇಟ್ ಮೈಗ್ರೇಶನ್ ಟೂಲ್’ ಎಂದು ಹೆಸರು, ಆಫೀಸುಗಳ ಐಟಿ ವಿಭಾಗದವರಿಗೆಂದು ಮಾಡಿದ್ದು. ‘ವಿಂಡೋಸ್ ಎಡಿಕೆ’ ಎಂಬ ಉಚಿತ ಕಟ್ಟಿನೊಳಗೆ ಬರುತ್ತದೆ. ಎಂಐಜಿ ಫೈಲಿನಲ್ಲಿ ಯಾವುದು ಸರಿಯಿದೆ, ಯಾವುದು ಕೆಟ್ಟಿದೆ ಎಂದು ತೋರಿಸಿ, ಸರಿಯಿರುವುದನ್ನು ಹೊರಗೆ ತೆಗೆಯುವ ಸೌಲಭ್ಯ ಅದರಲ್ಲಿದೆ. ಆದರೆ ಎಲ್ಲ ಈಸಿ ಟ್ರಾನ್ಸ್‌ಫರ್ ಫೈಲಿಗೂ ಅದು ಒಗ್ಗುವುದಿಲ್ಲ. ಕ್ಲಿಕ್ ಮಾಡುವ ಬಟನ್ನೂ ಇಲ್ಲ, ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಬೇಕು. ಗೊತ್ತಿರುವ ಹುಡುಗರನ್ನು ಕೂರಿಸಿಕೊಂಡು ಮಾಡಿಸಿ. ನಕಲಿನ ಮೇಲೆ ತಾನೇ ಪ್ರಯೋಗ, ಕಳೆದುಕೊಳ್ಳುವುದೇನಿಲ್ಲ.

ಜಿಪ್ ಸಾಲು ಮತ್ತು ಪಡಿಯಚ್ಚು

ವಿಂಡೋಸ್ 7ರ ಬ್ಯಾಕಪ್ ಆಗಿದ್ದರೆ ಕಂಟ್ರೋಲ್ ಪ್ಯಾನೆಲ್ ತೆರೆಯಿರಿ. ‘ಬ್ಯಾಕಪ್ ಅಂಡ್ ರಿಸ್ಟೋರ್’ ಎಂಬುದು ವಿಂಡೋಸ್ 11ರಲ್ಲೂ ಮೂಲೆಯಲ್ಲಿ ಉಳಿದುಕೊಂಡಿದೆ. ಅದರಲ್ಲಿ ‘ಸೆಲೆಕ್ಟ್ ಅನದರ್ ಬ್ಯಾಕಪ್’ ಆರಿಸಿ ಡಿಸ್ಕ್ ತೋರಿಸಿ. ಅದು ಕೈಕೊಟ್ಟರೆ ‘ಸೆವೆನ್ ಜಿಪ್’ ಎಂಬ ಪ್ರೋಗ್ರಾಂ ಹಾಕಿಕೊಂಡು ಜಿಪ್ ಫೈಲುಗಳನ್ನೆಲ್ಲ ಒಟ್ಟಿಗೆ ಆರಿಸಿ ಬಿಚ್ಚಿ. ತುದಿ ಕತ್ತರಿಸಿಹೋದ ಜಿಪ್ಪಿನಿಂದಲೂ ಅದು ಸಿಕ್ಕಷ್ಟನ್ನು ಎಳೆದು ಕೊಡುತ್ತದೆ. ಬಿಚ್ಚುವ ಜಾಗದ ಹೆಸರು ಒಂದೆರಡು ಅಕ್ಷರದ್ದಾಗಿರಲಿ. ಫೋಲ್ಡರಿನೊಳಗೆ ಫೋಲ್ಡರ್ ಎಂದು ಹಾದಿ 260 ಅಕ್ಷರ ಮುಟ್ಟಿದರೆ ವಿಂಡೋಸ್ ತಕರಾರು ತೆಗೆಯುತ್ತದೆ. ದೊಡ್ಡ ವಿಡಿಯೊಗಳು ಎರಡು ಮೂರು ಜಿಪ್ಪಿಗೆ ಹಂಚಿಹೋಗಿರುತ್ತವೆ, ಅವು ಈ ದಾರಿಯಲ್ಲಿ ಇಡಿಯಾಗಿ ಬರುವುದಿಲ್ಲ.

ಪಡಿಯಚ್ಚಿನದು ಇನ್ನೂ ಸರಳ. ಇಡೀ ಕಂಪ್ಯೂಟರಿಗೆ ಅದನ್ನು ರಿಸ್ಟೋರ್ ಮಾಡಲು ಹೋಗಿ ಸೋತವರು, ಒಳಗಿನ ಫೈಲನ್ನು ಮಾತ್ರ ತೆಗೆಯಬಹುದು ಎಂಬುದನ್ನು ಯೋಚಿಸಿರುವುದಿಲ್ಲ. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ‘ಆಕ್ಷನ್’ನಲ್ಲಿ ‘ಅಟ್ಯಾಚ್ ವಿಎಚ್‌ಡಿ’ ಒತ್ತಿ, ಫೋಲ್ಡರಿನೊಳಗಿನ ದೊಡ್ಡ ವಿಎಚ್‌ಡಿ ಅಥವಾ ವಿಎಚ್‌ಡಿಎಕ್ಸ್ ಫೈಲನ್ನು ತೋರಿಸಿ. ‘ರೀಡ್ ಓನ್ಲಿ’ಗೆ ಟಿಕ್ ಹಾಕುವುದನ್ನು ಮರೆಯಬೇಡಿ. ಹೊಸ ಡ್ರೈವ್ ಒಂದು ಕಾಣಿಸಿಕೊಳ್ಳುತ್ತದೆ. ಅದರ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹಳೇ ಮನೆ ಹಾಗೇ ಇದೆ. ‘ಇನಿಶಿಯಲೈಸ್ ಡಿಸ್ಕ್’ ಎಂದೇನಾದರೂ ಕೇಳಿದರೆ ಒಪ್ಪಬೇಡಿ.

ಫೋಲ್ಡರ್ ತೆರೆಯುವಾಗ ‘ಅನುಮತಿ ಇಲ್ಲ’ ಎಂದರೆ ಹೆದರಬೇಡಿ, ‘ಕಂಟಿನ್ಯೂ’ ಒತ್ತಿ. ರೀಡ್ ಓನ್ಲಿ ಇದ್ದು ಅದೂ ಆಗದಿದ್ದರೆ ಸೆವೆನ್ ಜಿಪ್ಪನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಅದರೊಳಗಿಂದ ಎಳೆಯಿರಿ. ಹಳೇ ಡ್ರೈವಿಗೆ ವಿಂಡೋಸ್‌ನ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ 48 ಅಂಕಿಗಳ ರಿಕವರಿ ಕೀ ಬೇಕು. ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ಡಿವೈಸುಗಳ ಪಟ್ಟಿಯಲ್ಲಿ ಹುಡುಕಿ. ಆ ಕೀ ಎಲ್ಲೂ ಇಲ್ಲವಾದರೆ ಯಾವ ರಿಕವರಿ ಅಂಗಡಿಯವರೂ ಏನೂ ಮಾಡಲಾರರು. ಮಾಡಿಕೊಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ.

ಹಳೇ ಡಿಸ್ಕಿನ ಕಡೆಗೆ

ಬ್ಯಾಕಪ್ ಪೂರ್ತಿ ಕೈಬಿಟ್ಟಿತು, ಹಳೇ ಕಂಪ್ಯೂಟರ್ ಆನ್ ಆಗುತ್ತಿಲ್ಲ ಎಂದಿಟ್ಟುಕೊಳ್ಳಿ. ಕೆಟ್ಟಿರುವುದು ಮದರ್‌ಬೋರ್ಡ್ ಅಥವಾ ಪವರ್ ಸಪ್ಲೈ ಇರಬಹುದು, ಡಿಸ್ಕ್ ಚೆನ್ನಾಗೇ ಇದ್ದೀತು. ಅದನ್ನು ಬಿಚ್ಚಿ ತೆಗೆದು ‘ಸಾಟಾ ಟು ಯುಎಸ್‌ಬಿ’ ಕೇಬಲ್ ಮೂಲಕ ಹೊಸ ಲ್ಯಾಪ್‌ಟಾಪಿಗೆ ಹಚ್ಚಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತವೆ, ಆನ್‌ಲೈನಿನಲ್ಲೂ ಇವೆ. ಕೊಳ್ಳುವಾಗ ಒಂದನ್ನು ಗಮನಿಸಿ. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕಿಗೆ ಯುಎಸ್‌ಬಿಯ ಕರೆಂಟೇ ಸಾಕು. ಡೆಸ್ಕ್‌ಟಾಪಿನ 3.5 ಇಂಚಿನದಕ್ಕೆ 12 ವೋಲ್ಟಿನ ಅಡಾಪ್ಟರ್ ಇರುವ ಕೇಬಲ್ಲೇ ಬೇಕು. ಸುಮ್ನೆ ಕೇಬಲ್ ತಂದು ಡಿಸ್ಕ್ ಸತ್ತಿದೆ ಎಂದುಕೊಳ್ಳುವವರಿದ್ದಾರೆ.

ಡಿಸ್ಕ್ ಕಾಣುತ್ತಿದೆ, ಆದರೆ ಫೈಲುಗಳು ಅಳಿಸಿಹೋಗಿವೆಯೇ? ‘ಫೋಟೊರೆಕ್’ ಪ್ರಯತ್ನಿಸಿ. ಉಚಿತ. ಹೆಸರಿನಲ್ಲಿ ಫೋಟೊ ಇದ್ದರೂ ವರ್ಡ್, ಪಿಡಿಎಫ್ ಫೈಲುಗಳನ್ನೂ ಹುಡುಕುತ್ತದೆ. ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ, ಸಾವಿರಾರು ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಬೇಕು. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೇ ಉಳಿಸಿ. ಹಳೆಯದು ಎಸ್‌ಎಸ್‌ಡಿ ಆಗಿದ್ದರೆ ಆಸೆ ಕಡಿಮೆ ಇಟ್ಟುಕೊಳ್ಳಿ. ಅಳಿಸಿದ ಜಾಗವನ್ನು ಅದು ‘ಟ್ರಿಮ್’ ಎಂಬ ವ್ಯವಸ್ಥೆಯಿಂದ ಹಿಂದೆಯೇ ಖಾಲಿ ಮಾಡುತ್ತದೆ.

ಲೆಕ್ಕ, ಮೇಲ್ ಮತ್ತು ಕನ್ನಡದ ಫೈಲುಗಳು

ಫೋಟೊಗಳು ಬಂದ ಖುಷಿಯಲ್ಲಿ ಹಳೇ ಡಿಸ್ಕನ್ನು ಒರೆಸಿಬಿಡಬೇಡಿ. ಟ್ಯಾಲಿಯ ಲೆಕ್ಕ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್‌ನಲ್ಲಿ ಇರುವುದೇ ಇಲ್ಲ. ಟ್ಯಾಲಿಯದೇ ಫೋಲ್ಡರಿನ ‘ಡೇಟಾ’ದಲ್ಲಿ, 10000 ಎಂಬಂಥ ಅಂಕಿಯ ಹೆಸರಿನಲ್ಲಿ ಕೂತಿರುತ್ತದೆ. ಔಟ್‌ಲುಕ್ ಮೇಲ್ ಪಿಎಸ್‌ಟಿ ಎಂಬ ಫೈಲಿನಲ್ಲಿರುತ್ತದೆ. ಹಳೇ ಆವೃತ್ತಿಗಳಲ್ಲಿ ಅದು ‘ಆಪ್ ಡೇಟಾ’ ಎಂಬ ಮರೆಯಾದ ಫೋಲ್ಡರಿನೊಳಗೆ ಸೇರಿಕೊಂಡಿರುತ್ತದೆ. ‘ಹಿಡನ್ ಐಟಮ್ಸ್’ ಆನ್ ಮಾಡಿಯೇ ಹುಡುಕಬೇಕು.

ಇನ್ನು ನಮ್ಮವರಿಗೇ ಬರುವ ತೊಂದರೆ. ವರ್ಡ್ ಫೈಲ್ ತೆರೆಯುತ್ತದೆ, ಆದರೆ ಕನ್ನಡದ ಬದಲು ಟೋಪಿ, ಬಾಲ ಅಂಟಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ಫೈಲೇ ಕೆಟ್ಟಿತು ಎಂದು ಅಳಿಸಬೇಡಿ. ಅದು ನುಡಿ ಅಥವಾ ಬರಹದಲ್ಲಿ ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು, ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ. ವರ್ಡ್‌ನಲ್ಲಿ ಆ ಸಾಲಿನ ಮೇಲೆ ಕ್ಲಿಕ್ ಮಾಡಿ ಫಾಂಟಿನ ಹೆಸರು ನೋಡಿ. ‘ನುಡಿ’ ಎಂದು ಶುರುವಾಗಿದ್ದರೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿ. ‘ಬಿಆರ್‌ಎಚ್’ ಎಂದಿದ್ದರೆ ಬರಹದ್ದು. ಹಳೇ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗಿನ ‘ಫಾಂಟ್ಸ್’ನಲ್ಲೂ ಅವು ಸಿಗುತ್ತವೆ. ಫಾಂಟ್ ಬಂದ ಮೇಲೆ ಅಕ್ಷರ ಸರಿಯಾಗುತ್ತದೆ. ಆಮೇಲೆ ಆ ತಂತ್ರಾಂಶದಲ್ಲಿರುವ ಪರಿವರ್ತಕದಿಂದ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಪರಿವರ್ತಕ ಎಡವುವುದುಂಟು. ಪತ್ರ, ಕರಾರುಗಳಲ್ಲಿ ಹೆಸರು ಮತ್ತು ಮೊತ್ತಗಳನ್ನು ಹಳೇ ಪ್ರತಿಯ ಜೊತೆ ತಾಳೆ ನೋಡಿ, ಹಳೇ ಪ್ರತಿಯನ್ನೂ ಇಟ್ಟುಕೊಳ್ಳಿ.